ನನ್ನ ಕ್ಯಾಲ್ಕುಲಸ್ಸೂ ದೊಡ್ಡಪ್ಪನ ಗಂಟಲೂ

ನಮ್ಮ ದೊಡ್ಡಪ್ಪ ನನಗೆ ಕ್ಯಾಲ್ಕುಲಸ್ ಕಲಿಸಿದರು ಎಂಬ ಕಥೆಯೊಂದು ನಮ್ಮ ನೆಂಟರಿಷ್ಟರಲ್ಲಿ ಚಾಲ್ತಿಯಲ್ಲಿದೆ. ನಾಮಕರಣ, ಗೃಹಪ್ರವೇಶ, ಬೀಗರೂಟ, ಯಾವುದೇ ಇರಲಿ, ಎಲೆ ಹಾಕಿದರೆ ಸಾಕು, ಉಪ್ಪಿನ ಹಿಂದೆಯೇ ಈ ಕಥೆ ಬಂದು ಬೀಳುತ್ತದೆ. "ಭಾವ ಇಲ್ದಿದ್ರೆ ಇವ್ಳು ಪಿಯುಸಿ ದಾಟ್ತಾನೇ ಇರ್ಲಿಲ್ಲ ಕಣ್ರೀ" ಎಂದು ಚಿಕ್ಕಮ್ಮ ಪಲ್ಯ ಬಡಿಸುತ್ತಾ ಘೋಷಿಸುತ್ತಾರೆ. ಪಂಕ್ತಿಯ ಆ ತುದಿಯಲ್ಲಿ ಯಾರೋ ಗುರುತಿಲ್ಲದವರು ನನ್ನನ್ನು ಬಗ್ಗಿ ನೋಡುತ್ತಾರೆ. ನಾನು ಹಪ್ಪಳದ ಹಿಂದೆ ಮುಖ ಮರೆಸಿಕೊಳ್ಳಲು ಪ್ರಯತ್ನಿಸುತ್ತೇನೆ.

ಈ ಕಥೆಯನ್ನು ನಾನು ಒಪ್ಪುವುದಿಲ್ಲ. ಹೈಸ್ಕೂಲಿನಿಂದಲೂ ಚರ್ಚಾಸ್ಪರ್ಧೆಗಳಲ್ಲೇ ಬೆಳೆದವಳು ನಾನು. ಸಾಕ್ಷಿಯಿಲ್ಲದ ಮಾತನ್ನು ಪಾಯಸದಲ್ಲಿ ಅದ್ದಿ ಕೊಟ್ಟರೂ ನುಂಗುವುದಿಲ್ಲ. ದೊಡ್ಡಪ್ಪ ನನಗೆ ಕ್ಯಾಲ್ಕುಲಸ್ ಕಲಿಸಲಿಲ್ಲ. ಅದು ಗಿಡವೋ ಪ್ರಾಣಿಯೋ ಎಂಬುದೂ ಅವರಿಗೆ ತಿಳಿದಿರಲಿಲ್ಲ. ಅವರು ಮಾಡಿದ್ದು ಇಷ್ಟೇ: ನನಗೆ ಅದು ಬರುವುದಿಲ್ಲ ಎಂದು ಯಲಹಂಕದಿಂದ ಹೆಬ್ಬಾಳದವರೆಗೆ ಸಾರಿಕೊಂಡು ಬಂದರು. ಕಲಿಸುವುದಕ್ಕೂ ಮಾನ ಕಳೆಯುವುದಕ್ಕೂ ವ್ಯತ್ಯಾಸವಿಲ್ಲವೇ, ಮಾನ್ಯ ಅಧ್ಯಕ್ಷರೇ?

ಮೊದಲು ಆಸಾಮಿಯ ಪರಿಚಯವಾಗಲಿ. ದೊಡ್ಡಪ್ಪ ಅಮೃತಹಳ್ಳಿಯ ಹಳಬರು. ಅವರು ರಾಗಿ ಬಿತ್ತುತ್ತಿದ್ದ ಜಾಗದಲ್ಲೇ ಈಗ ನಮ್ಮ ನಾಲ್ಕಂತಸ್ತಿನ ಕಟ್ಟಡ ನಿಂತಿದೆ. ಕೆಳಗೆ ನಾವು, ನಮ್ಮ ತಲೆಯ ಮೇಲೆ ದೊಡ್ಡಪ್ಪ, ಅವರ ತಲೆಯ ಮೇಲೆ ಬಾಡಿಗೆಯವರು. ಪಾರ್ಕಿಂಗಿನಲ್ಲಿ ಎರಡು ಕಾರುಗಳ ನಡುವೆ ಒಂದು ಹಸು. ಮನೆ ನೋಡಲು ಬಂದವರು "ಕಾರ್ ಪಾರ್ಕಿಂಗ್ ಇದ್ಯಾ ಸರ್?" ಎಂದರೆ, "ಐತೆ. ಆದ್ರೆ ಅವ್ಳು ಒಪ್ಬೇಕು" ಎಂದು ಹಸುವಿನ ಕಡೆ ಕೈ ತೋರಿಸುತ್ತಾರೆ.

ಇನ್ನು ಅವರ ದನಿಯೋ! ಪಕ್ಕದ ಜಕ್ಕೂರಿನ ಏರೋಡ್ರೋಮಿನಿಂದ ಪುಟ್ಟ ವಿಮಾನ ಮೇಲೇಳುವಾಗ ನಾವೆಲ್ಲ ಮಾತು ನಿಲ್ಲಿಸುತ್ತೇವೆ. ದೊಡ್ಡಪ್ಪ ಮಾತಾಡುವಾಗ ವಿಮಾನವೇ ಸ್ವಲ್ಪ ತಡೆದುಕೊಳ್ಳಬೇಕು. ಅವರು ಗುಟ್ಟು ಹೇಳಿದರೆ ಮೂರನೇ ಮಹಡಿಯ ಬಾಡಿಗೆಯವರು ಇಳಿದು ಬಂದು "ಹೌದಾ ಅಂಕಲ್?" ಎಂದು ಕೇಳುತ್ತಾರೆ.

ನನ್ನ ಚರ್ಚಾಸ್ಪರ್ಧೆಗಳಿಗೆ ಒಂದನ್ನೂ ತಪ್ಪಿಸದೆ ಬರುತ್ತಿದ್ದವರು ಇವರೊಬ್ಬರೇ. ಬಿಳಿ ಪಂಚೆ, ಹೆಗಲ ಮೇಲೆ ಟವಲ್ಲು, ಮೊದಲ ಸಾಲಿನ ನಡು ಕುರ್ಚಿ. ಅದು ಅತಿಥಿಗಳಿಗೆ ಮೀಸಲೆಂದು ಯಾರಾದರೂ ಎಬ್ಬಿಸಲು ಬಂದರೆ, ಅತಿಥಿಗಳನ್ನೇ ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರು. ನನ್ನ ಮುಖವನ್ನೇ ದಿಟ್ಟಿಸುತ್ತಾ ಕೂತು, ನಾನು ಬಾಯಿ ಮುಚ್ಚಿದ ತಕ್ಷಣ ಚಪ್ಪಾಳೆ! ವಾದಕ್ಕೆ ತೂಕ ಬರಲೆಂದು ನಾನು ನಡುವೆ ಒಂದು ಕ್ಷಣ ಸುಮ್ಮನಾದರೂ ಚಪ್ಪಾಳೆ! ಒಮ್ಮೆ ಹೀಗೆ ನನ್ನ ಅರ್ಧ ವಾಕ್ಯಕ್ಕೇ ಸಭೆಯೆಲ್ಲ ಅವರ ಜೊತೆ ಚಪ್ಪಾಳೆ ತಟ್ಟಿ, ತೀರ್ಪುಗಾರರು ಗಂಟೆ ಬಾರಿಸಿ, ಉಳಿದರ್ಧವನ್ನು ನಾನು ಮನೆಗೆ ತಂದೆ. ನಾಚಿಕೆಗೆ ಇಷ್ಟು ಸಾಲದೇ? ಸಾಲದು ಎಂದು ತೀರ್ಮಾನಿಸಿತು ಕ್ಯಾಲ್ಕುಲಸ್.

ಎರಡನೇ ಪಿಯುಸಿಯ ಅರ್ಧವಾರ್ಷಿಕ ಪರೀಕ್ಷೆಯಲ್ಲಿ ನನಗೆ ಗಣಿತದಲ್ಲಿ ಬಂದದ್ದು ಒಂದಂಕಿ. ಇಂಟಿಗ್ರೇಶನ್ನಿನ ಲೆಕ್ಕದಲ್ಲಿ ನಾನು ಸರಿಯಾಗಿ ಬರೆದದ್ದೆಂದರೆ ಎಲ್ಲ ಉತ್ತರದ ಬಾಲಕ್ಕೂ ಅಂಟಿಸುವ 'ಪ್ಲಸ್ ಸಿ' ಮಾತ್ರ. ವೇದಿಕೆಯ ಮೇಲೆ ಮರಣದಂಡನೆಯ ಪರವಾಗಿಯೂ ವಿರುದ್ಧವಾಗಿಯೂ ಒಂದೇ ದಿನ ಗೆಲ್ಲಬಲ್ಲ ಹುಡುಗಿ, ಎಕ್ಸು ಸೊನ್ನೆಯ ಹತ್ತಿರ ಹೊರಟಿತೆಂದರೆ ಕೈಕಟ್ಟಿ ಕೂತುಬಿಡುತ್ತಿದ್ದಳು. ಗಣಿತದಲ್ಲಿ ಫೇಲಾದರೆ ಪಿಯುಸಿಯೇ ಫೇಲು, ಪಿಯುಸಿ ಫೇಲಾದರೆ ನಾನು ಕಣ್ಣಿಟ್ಟಿದ್ದ ಲಾ ಕಾಲೇಜಿಗೆ ನಮಸ್ಕಾರ. ಲಾಯರಾಗುವವಳು ಸೈನ್ಸ್ ಯಾಕೆ ತೆಗೆದುಕೊಂಡಳು? ಒಳ್ಳೆಯ ಪ್ರಶ್ನೆ. ದಯವಿಟ್ಟು ನಮ್ಮ ಅಪ್ಪನನ್ನು ಕೇಳಿ.

ಯಾರನ್ನಾದರೂ ಸಹಾಯ ಕೇಳಬಹುದಿತ್ತು. ಆದರೆ ಕೇಳಿದರೆ ನನಗೆ ಬರುವುದಿಲ್ಲ ಎಂದು ಗೊತ್ತಾಗುತ್ತದಲ್ಲ! ಕಾಲೇಜಿನ ಚರ್ಚಾ ತಂಡದ ನಾಯಕಿ ನಾನು. ಫೇಲಾಗುವ ಭಯಕ್ಕಿಂತ, ಬರುವುದಿಲ್ಲ ಎಂಬುದು ನಾಲ್ಕು ಜನಕ್ಕೆ ತಿಳಿಯುವ ಭಯವೇ ದೊಡ್ಡದಾಗಿತ್ತು.

ಕಾಲೇಜಿನವರು ಪೋಷಕರನ್ನು ಕರೆದರು. ನಾನು ಅಪ್ಪನ ಬದಲು ದೊಡ್ಡಪ್ಪನನ್ನು ಕರೆದೊಯ್ದೆ. ನನ್ನ ತರ್ಕ ಹೀಗಿತ್ತು: ಅವರಿಗೆ ಇದೆಲ್ಲ ಅರ್ಥವಾಗುವುದಿಲ್ಲ, ಅರ್ಥವಾಗದ್ದನ್ನು ಅವರು ಯಾರಿಗೂ ಹೇಳುವುದಿಲ್ಲ. ನನ್ನ ಜೀವಮಾನದ ಅತ್ಯಂತ ದುರ್ಬಲ ವಾದ ಇದೇ ಇರಬೇಕು.

ಗಣಿತದ ಮೇಡಂ ಮೃದು ಸ್ವಭಾವದವರು. ಅಕ್ಕಪಕ್ಕದ ಪೋಷಕರಿಗೆ ಕೇಳದಂತೆ ಸಣ್ಣಗೆ, "ಕ್ಯಾಲ್ಕುಲಸ್‌ನಲ್ಲಿ ಸ್ವಲ್ಪ ವೀಕ್ ಇದಾಳೆ ಸರ್" ಎಂದರು.

"ಒಸಿ ಗಟ್ಟಿಯಾಗ್ ಏಳಿ ಮೇಡಂ."

"ಸ್ವಲ್ಪ ವೀಕ್ ಸರ್, ಕ್ಯಾಲ್ಕುಲಸ್‌ನಲ್ಲಿ."

"ಬಾಯ್ಬುಟ್ಟು ಏಳಿ ಮೇಡಂ! ನಮ್ಮುಡುಗಿ ವಿಸ್ಯ, ನಿಮಗ್ಯಾಕೆ ನಾಚ್ಕೆ?"

ಪಾಪ, ಮೇಡಂ ಮೂರನೆಯ ಸಲ ಕೂಗಿಯೇಬಿಟ್ಟರು. ಕೂಗುವ ಭರದಲ್ಲಿ 'ಸ್ವಲ್ಪ' ಬಿದ್ದುಹೋಗಿ ಅದರ ಜಾಗಕ್ಕೆ 'ತುಂಬಾ' ಬಂದಿತ್ತು. ಸಭಾಂಗಣವೆಲ್ಲ ನಮ್ಮ ಕಡೆ ತಿರುಗಿತು. ಪೋಷಕರು, ಪೋಷಿತರು, ಗೋಡೆಯ ಮೇಲಿನ ವಿಜ್ಞಾನಿಗಳು, ಎಲ್ಲರೂ ನನ್ನನ್ನೇ ನೋಡಿದರು.

ದೊಡ್ಡಪ್ಪನ ಒಂದು ಸಿದ್ಧಾಂತವನ್ನು ಇಲ್ಲಿ ವಿವರಿಸಬೇಕು. ಅವರ ಪ್ರಕಾರ ಮೈಗಾಗಲಿ ದನಕ್ಕಾಗಲಿ ಬೇನೆ ಬಂದರೆ ಮುಚ್ಚಿಡಬಾರದು. ಸಿಕ್ಕವರಿಗೆಲ್ಲ ಹೇಳಬೇಕು, ಯಾರಿಗೋ ಒಬ್ಬರಿಗೆ ಮದ್ದು ಗೊತ್ತಿರುತ್ತದೆ. ಹಳ್ಳಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರಂತೆ. ಕಾಮಾಲೆಗೆ ರಾಜಾನುಕುಂಟೆಯ ಕಡೆ ಸೊಪ್ಪು ಅರೆದು ಕೊಡುವವರು, ಉಳುಕಿಗೆ ಬಾಗಲಗುಂಟೆಯಲ್ಲಿ ಪಟ್ಟು ಹಾಕುವವರು, ಎಲ್ಲರೂ ಅವರಿಗೆ ದಾರಿಯಲ್ಲಿ ಕೇಳಿ ಸಿಕ್ಕವರೇ. ಕೇಳುವ ಕ್ರಮವೂ ವಿಶಿಷ್ಟ. ಪ್ರಶ್ನೆ ಅವರದು, ಉತ್ತರದ ಹೊತ್ತಿಗೆ ರೋಗಿಯ ರಟ್ಟೆ ಹಿಡಿದು ಮುಂದಕ್ಕೆ ತಳ್ಳುವುದು. "ಬ್ಯಾನೆ ನಿಂದು, ಮದ್ದು ನಿಂದು, ನೀನೇ ಕೇಳಿಸ್ಕೊ!"

ಯಲಹಂಕದಿಂದ ವಾಪಸು ಬರುವ ಬಸ್ಸು ಹತ್ತಿದೆವು. ನಾನು ಕಿಟಕಿಯ ಪಕ್ಕ ಕುಗ್ಗಿ ಕೂತೆ. ದೊಡ್ಡಪ್ಪ ಕಂಬಿ ಹಿಡಿದು ಎದ್ದು ನಿಂತರು.

"ಕಂಡಕ್ಟ್ರಣ್ಣಾ! ನಮ್ಮ ಮಗೀಗೆ ಕ್ಯಾಲ್ಕುಲಸ್ ಬರಾಕಿಲ್ವಂತೆ. ಯಾರಾನ ಗೊತ್ತಾ?"

ಕಂಡಕ್ಟರ್ ಚಿಲ್ಲರೆಯಿಂದ ತಲೆ ಎತ್ತಲಿಲ್ಲ. "ನಂಗೆ ಗೊತ್ತಿದ್ದಿದ್ರೆ ಇಲ್ಲಿ ಯಾಕ್ ಟಿಕೆಟ್ ಹರೀತಿದ್ದೆ ಯಜಮಾನ್ರೇ? ಒಳಗಡೆ ಹೋಗಿ, ಒಳಗಡೆ ಹೋಗಿ!"

ದೊಡ್ಡಪ್ಪ ಒಳಗಡೆ ಹೋದರು. ಪ್ರತಿ ಸೀಟಿನ ಪಕ್ಕ ನಿಂತು ಕೇಳುತ್ತಾ ಹೋದರು! ಮಡಿಲಲ್ಲಿ ತರಕಾರಿ ಚೀಲವಿಟ್ಟುಕೊಂಡಿದ್ದ ಹೆಂಗಸೊಬ್ಬರು ನನ್ನನ್ನು ಮರುಕದಿಂದ ನೋಡಿ, "ಊಟ ಸೇರುತ್ತೇನಮ್ಮಾ?" ಎಂದರು. ಸೇರುತ್ತದೆ ಎಂದೆ. "ನಿದ್ದೆ?" ಬರುತ್ತದೆ ಎಂದೆ. "ಮತ್ತೆ ಭಯ ಇಲ್ಲ ಬಿಡು, ತಾನಾಗೇ ಹೋಗುತ್ತೆ." ಇಂಜಿನಿಯರಿಂಗ್ ಕಾಲೇಜಿನ ಗುರುತಿನ ಚೀಟಿ ನೇತುಹಾಕಿಕೊಂಡಿದ್ದ ಮೂವರು ಹುಡುಗರು ಮಾತ್ರ ಪ್ರಶ್ನೆ ತಮ್ಮ ಹತ್ತಿರ ಬರುವ ಮೊದಲೇ ಗಾಢನಿದ್ರೆಗೆ ಜಾರಿದರು. ಆ ಕ್ಷಣಕ್ಕೆ ನನ್ನ ಮಾನಕ್ಕೆ ಸಿಕ್ಕ ಏಕೈಕ ಸಮಾಧಾನ ಅವರೇ.

ಆದರೆ ಹಿಂದಿನ ಸೀಟಿನಲ್ಲಿ ನಮ್ಮ ಚರ್ಚಾ ತಂಡದ ಎರಡನೇ ಭಾಷಣಕಾರ ಕೂತಿದ್ದ. ಮಾರನೆಯ ದಿನ ಕಾಲೇಜಿನ ಗೇಟಿನಲ್ಲೇ, "ಏನ್ ಮಗಾ, ಕ್ಯಾಲ್ಕುಲಸ್ ಹುಷಾರಾಯ್ತಾ? ಊಟ ಸೇರ್ತಿದ್ಯಾ?" ಎಂದ. ವಾರವಿಡೀ ಕ್ಯಾಂಟೀನಿನಲ್ಲಿ ಅದೇ ಪಥ್ಯದ ವಿಚಾರಣೆ. ನಾನು ಯಾವ ವಿಷಯಕ್ಕೆ ಬಾಯಿ ತೆರೆದರೂ, "ಪೇಷಂಟ್ ಮಾತಾಡ್ಬಾರ್ದು ಗುರು, ಸುಸ್ತಾಗುತ್ತೆ!"

ಸಿಟ್ಟು ಹೊತ್ತುಕೊಂಡು ಮಹಡಿ ಹತ್ತಿ ದೊಡ್ಡಪ್ಪನ ಮುಂದೆ ವಾದ ಮಂಡಿಸಿದೆ. ವ್ಯಕ್ತಿಯ ಖಾಸಗಿತನ, ಹದಿಹರೆಯದ ಮನಸ್ಸು, ಹೆಣ್ಣುಮಕ್ಕಳ ಆತ್ಮಗೌರವ... ಏರುದನಿಯಿಲ್ಲದ, ಸಂಯಮದ, ಅತ್ಯುತ್ತಮ ವಾದ. ಅವರು ಟೀವಿಯ ಮುಂದೆ ಕೂತು ನನ್ನ ಮುಖ ನೋಡುತ್ತಾ ಕೊನೆಯವರೆಗೂ ತಲೆಯಾಡಿಸಿದರು.

"ಔದಾ? ಸರಿ ಬುಡು. ಭಾನ್ವಾರ ಯಲಂಕದಾಗೆ ರಿಸೆಪ್ಸನ್ ಐತೆ, ರೆಡಿಯಾಗಿರು. ಅಲ್ಲಿ ಜನ ಜಾಸ್ತಿ ಬತ್ತಾರೆ."

ಹೇಗೆ ವಾದಿಸುವುದು ಇಂಥವರ ಜೊತೆ? ಎದುರಾಳಿಯ ಮಾತನ್ನು ಕಿವಿಗೇ ಹಾಕಿಕೊಳ್ಳದೆ ಗೆಲ್ಲುವ ಕಲೆಯನ್ನು ಯಾವ ತರಬೇತಿಯಲ್ಲೂ ಹೇಳಿಕೊಟ್ಟಿರಲಿಲ್ಲ!

ರಿಸೆಪ್ಷನ್ನಿನಲ್ಲಿ ನಾನು ಕಂಬದ ಮರೆಯಲ್ಲೇ ಓಡಾಡಿದೆ. ಪ್ರಯೋಜನವಾಗಲಿಲ್ಲ. ಮದುಮಗಳು ಗಣಿತದಲ್ಲಿ ಎಂಎಸ್ಸಿ ಮಾಡಿದ್ದಾಳೆಂದು ಊಟದ ಹಾಲಿನಲ್ಲಿ ಯಾರೋ ನನ್ನ ಎದುರಿಗೇ ಹೇಳಿದರು, ನನ್ನ ಮುಖ ಕಂಡು ದೊಡ್ಡಪ್ಪ "ಏನಂದ್ರು? ಏನಂದ್ರು?" ಎಂದು ಅವರ ಬಾಯಿಂದ ಮತ್ತೆ ಹೇಳಿಸಿದರು. ಆಮೇಲೆ ನನ್ನ ರಟ್ಟೆ ಹಿಡಿದು ವೇದಿಕೆ ಹತ್ತಿದರು. ಹಿಂದೆ ಮೆಟ್ಟಿಲಿಳಿದು ಬಾಗಿಲವರೆಗೆ ಉಡುಗೊರೆ ಹಿಡಿದವರ ಸಾಲು. ಮುಂದೆ ಫೋಟೋ, ವಿಡಿಯೋ, ಕಣ್ಣು ಕೋರೈಸುವ ದೀಪ.

"ತಾಯೀ, ಒಳ್ಳೇದಾಗ್ಲಿ. ನಮ್ಮುಡುಗೀಗೆ ಕ್ಯಾಲ್ಕುಲಸ್ ಬರಾಕಿಲ್ಲ, ಏನ್ ಮಾಡೋದು?"

ಮೈಕು ಬೇಕಿರಲಿಲ್ಲ. ವಾದ್ಯದವರು ನಿಲ್ಲಿಸಿದರು. ಭೂಮಿ ಬಾಯಿ ಬಿಡುವುದು ಎಂಬ ಮಾತನ್ನು ನಾನು ಅಲಂಕಾರ ಎಂದುಕೊಂಡಿದ್ದೆ. ಅಂದು ಅದನ್ನು ಮನಸಾರೆ ಬಯಸಿದೆ.

ಹಾರದ ಭಾರಕ್ಕೆ ಬಳಲಿ, ಸಂಜೆಯಿಂದ ನಕ್ಕು ನಕ್ಕು ದವಡೆ ಹಿಡಿದಿದ್ದ ಮದುಮಗಳಿಗೆ ಅದೇನಾಯಿತೋ, ನಿಜವಾಗಿಯೇ ನಕ್ಕಳು. ಗಂಡಿನ ಕಡೆ ತಿರುಗಿ "ಒಂದ್ನಿಮಿಷ ರೀ" ಎಂದಳು.

"ಯಾವ್ದು ಅರ್ಥ ಆಗಲ್ಲ?"

"ಎಲ್ಲಾ" ಎಂದೆ ನೆಲ ನೋಡುತ್ತಾ. ಬರುವುದಿಲ್ಲವೆಂದು ನಾನು ಬಾಯಿಬಿಟ್ಟು ಒಪ್ಪಿಕೊಂಡದ್ದು ಅದೇ ಮೊದಲು.

"ಆ ಸಾಲು ನೋಡು. ಎಷ್ಟು ಉದ್ದ ಇದೆ ಅನ್ನೋದು ಒಂದು ವಿಷಯ. ಈ ಕ್ಷಣ ಎಷ್ಟು ಬೇಗ ಕರಗ್ತಿದೆ ಅನ್ನೋದು ಬೇರೆ ವಿಷಯ. ನಂಗೆ ಈಗ ಉದ್ದ ಮುಖ್ಯ ಅಲ್ಲ, ಕರಗೋ ವೇಗ ಮುಖ್ಯ. ಅದೇ ಡಿರೈವೇಟಿವ್."

"ಈಗ ನಾವು ನಿಂತಿರೋದ್ರಿಂದ ಅದು ಸೊನ್ನೆ" ಎಂದೆ, ತಡೆಯಲಾರದೆ.

"ನೋಡು, ಬರುತ್ತಲ್ಲ ನಿಂಗೆ! ಹದಿನೈದು ದಿನ ಬಿಟ್ಟು ಸಹಕಾರನಗರಕ್ಕೆ ಬಾ, ನಮ್ಮ ಮನೆ ಅಲ್ಲೇ."

ಅಷ್ಟರಲ್ಲಿ ಫೋಟೋದವನು, "ಸರ್, ಟವಲ್ ಸ್ವಲ್ಪ ಸರಿ ಮಾಡ್ಕೊಳಿ, ಈ ಕಡೆ ನೋಡಿ" ಎಂದು ಕೂಗಿದ. ದೊಡ್ಡಪ್ಪ ಆ ಕಡೆ ನೋಡಲಿಲ್ಲ. ಮದುಮಗಳ ತುಟಿಯನ್ನೂ ನನ್ನ ಮುಖವನ್ನೂ ಸರದಿಯಂತೆ ನೋಡುತ್ತಿದ್ದರು. ಆ ಮದುವೆಯ ಆಲ್ಬಮ್ಮಿನಲ್ಲಿ ಇಂದಿಗೂ ಹಾಗೇ ಇದ್ದಾರೆ.

ಆ ಅಕ್ಕನೇ ನನಗೆ ಕಲಿಸಿದ್ದು. ವಾರವಾರ ಹೋಗಿ ಅವಳ ಅಡುಗೆಮನೆಯ ಕಟ್ಟೆಯ ಮೇಲೆ ಕೂತು ಪೆದ್ದುಪೆದ್ದಾಗಿ ಪ್ರಶ್ನೆ ಕೇಳಿದೆ. ಬಸ್ಸಿಗೆಲ್ಲ ಗೊತ್ತಾದ ಮೇಲೆ ಮುಚ್ಚಿಡಲು ಉಳಿದಿದ್ದಾದರೂ ಏನು? ಪಾಸಾದೆ. ನೆಂಟರು ಹೇಳುವಂತೆ ನೂರಕ್ಕೆ ನೂರಲ್ಲ, ಬರೀ ಪಾಸು.

ನೆಂಟರ ಕಥೆ ಇಲ್ಲಿಗೆ ಮುಗಿಯುತ್ತದೆ, ಪಾಯಸ ಬರುತ್ತದೆ. ನನ್ನ ತಕರಾರು ಇರುವುದು ಇಲ್ಲೇ.

ಫಲಿತಾಂಶ ಬಂದ ಬೆಳಿಗ್ಗೆ ಮೊದಲು ದೊಡ್ಡಪ್ಪನಿಗೆ ಹೇಳೋಣವೆಂದು ಓಡಿದೆ. ಅವರು ಪಾರ್ಕಿಂಗಿನಲ್ಲಿ ನನಗೆ ಬೆನ್ನು ಹಾಕಿ ಹಸುವಿನ ಮೈ ತಿಕ್ಕುತ್ತಿದ್ದರು. "ದೊಡ್ಡಪ್ಪಾ, ಪಾಸಾದೆ!" ಎಂದು ಕೂಗಿದೆ. ಇನ್ನೂ ಹತ್ತಿರ ಹೋಗಿ, "ದೊಡ್ಡಪ್ಪಾ!"

ಹಸು ತಿರುಗಿ ನೋಡಿತು. ದೊಡ್ಡಪ್ಪ ನೋಡಲಿಲ್ಲ.

ನಾನು ಅಲ್ಲೇ ನಿಂತೆ. ಮೇಡಂ ಮೂರು ಸಲ ಹೇಳಬೇಕಾಗಿ ಬಂದದ್ದು, ಮೊದಲ ಸಾಲಿನ ಕುರ್ಚಿ, ನನ್ನ ಬಾಯಿ ನಿಂತಾಗ ಬೀಳುತ್ತಿದ್ದ ಚಪ್ಪಾಳೆ, ನೀನೇ ಕೇಳಿಸ್ಕೊ ಎಂದು ನನ್ನನ್ನು ಮುಂದಕ್ಕೆ ತಳ್ಳುತ್ತಿದ್ದ ಆ ಕೈ, ಎಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತವು. ಸುತ್ತಿ ಬಂದು ಅವರ ಮುಂದೆ ನಿಂತೆ. ನನ್ನ ಮುಖ ನೋಡಿಯೇ ಅವರಿಗೆ ಗೊತ್ತಾಯಿತು. "ಪಾಸಾ? ಪಾಸಾದ್ಯಾ ಅಮ್ಮಣ್ಣೀ!" ಕಟ್ಟಡ ನಡುಗಿತು.

ನಾನು ನನ್ನ ಕಿವಿ ಮುಟ್ಟಿ ತೋರಿಸಿ, ಯಾವಾಗಿನಿಂದ ಎಂದು ಕೈಯಲ್ಲೇ ಕೇಳಿದೆ.

ದೊಡ್ಡಪ್ಪನ ನಗು ಇಳಿಯಿತು. ಹೆಗಲ ಟವಲ್ಲು ತೆಗೆದು ತಲೆಗೆ ಸುತ್ತಿ ಕಿವಿ ಮುಚ್ಚಿಕೊಂಡರು. "ಶ್... ಯಾರ್ಗೂ ಏಳ್ಬ್ಯಾಡ ಕಣಮ್ಮಿ" ಎಂದರು ಗುಟ್ಟಾಗಿ. ಅವರ ಗುಟ್ಟು! ಗೇಟಿನ ಹತ್ತಿರ ಪೇಪರ್ ಎತ್ತಿಕೊಳ್ಳುತ್ತಿದ್ದ ಬಾಡಿಗೆಯವರು ತಿರುಗಿ ನೋಡಿದರು. "ಜನ ಕಿವ್ಡ ಅಂತಾರೆ. ನಾಚ್ಕೆ ಆಯ್ತದೆ."

ನನ್ನ ಬೇನೆಯನ್ನು ಮದುವೆಯ ವೇದಿಕೆ ಹತ್ತಿಸಿದ ಮನುಷ್ಯ ಹೇಳಿದ ಮಾತು ಇದು. ಮನೆಯವರಿಗೆ ಹೇಳಿಲ್ಲ, ಅವರು ಈಗಲೂ "ಅವ್ರು ಯಾರ್ ಮಾತೂ ಕೇಳೋರಲ್ಲ ಬಿಡು" ಎಂದು ನಗುತ್ತಾರೆ. ಅದಕ್ಕೇ ಈ ಬರಹದಲ್ಲಿ ದೊಡ್ಡಪ್ಪನ ಹೆಸರೂ ಇಲ್ಲ, ನನ್ನ ಹೆಸರೂ ಇಲ್ಲ. ನಮ್ಮ ನೆಂಟರು ಪ್ರಬಂಧ ಓದುವವರಲ್ಲ ಎಂಬ ಧೈರ್ಯವೂ ಇದೆ. ಆದರೂ ಸಿಕ್ಕವರಿಗೆಲ್ಲ ಹೇಳಬೇಕು ಎಂಬ ಸಿದ್ಧಾಂತ ದೊಡ್ಡಪ್ಪನದೇ ಅಲ್ಲವೇ? ಆದ್ದರಿಂದ ಓದುಗರೇ, ಹೆಬ್ಬಾಳದ ಕಡೆ, ಆರ್‌ಟಿ ನಗರದ ಕಡೆ, ವಯಸ್ಸಾದವರ ಹತ್ತಿರ ಕೂತು ಮಾತಾಡುವ ಒಳ್ಳೆಯ ಕಿವಿ ಡಾಕ್ಟರು ಯಾರಾದರೂ ಗೊತ್ತಿದ್ದರೆ ಹೇಳಿ.

ನಿನ್ನೆ ಸಂಜೆ ಮತ್ತೆ ಪಾರ್ಕಿಂಗಿಗೆ ಇಳಿದಿದ್ದೆ. ದೊಡ್ಡಪ್ಪ ಬೆನ್ನು ಹಾಕಿಯೇ ಕೂತಿದ್ದರು. ನಾನೂ ಗಟ್ಟಿಯಾಗಿ ಹೇಳಲಿಲ್ಲ, ಎದುರಿಗೆ ಹೋಗುವ ಧೈರ್ಯವಾಗಲಿಲ್ಲ. ಆ ಬೆನ್ನಿಗೇ ಕೇಳಿದೆ: ಡಾಕ್ಟ್ರ ಹತ್ರ ಈ ಸಲ ಕೇಳಿಸ್ಕೊಳ್ಳೋ ಕೆಲಸ ನಂದು, ನೀವು ಸುಮ್ನೆ ನನ್ನ ಪಕ್ಕ ಕೂತಿದ್ರೆ ಸಾಕು, ಬರ್ತೀರಾ ದೊಡ್ಡಪ್ಪ?