ಅಪ್ಪನ ಕಾರಿನ ಆಂಪ್ಲಿಫೈಯರಿಗೆ ನಾನು ಹಾಕಿದ ಬದಲಿ ಟ್ರಾನ್ಸಿಸ್ಟರು

ನನಗೆ ರಿಪೇರಿ ಕೆಲಸ ಬರುತ್ತದೆ. ಈ ಮಾತನ್ನು ಬೇರೆ ಯಾರೂ ಹೇಳದ ಕಾರಣ ನಾನೇ ಹೇಳಬೇಕಾಗಿದೆ. ಭಾವಿಕೇರಿಯ ನಮ್ಮ ಮನೆಯ ಮಿಕ್ಸರನ್ನು ಸರಿಮಾಡಿದವನು ನಾನು. ಈಗ ಒಬ್ಬರು ಮುಚ್ಚಳ ಒತ್ತಿ, ಇನ್ನೊಬ್ಬರು ಬುಡ ಹಿಡಿದು ನಿಂತರೆ ಅದು ಬಹಳ ಚೆನ್ನಾಗಿ ತಿರುಗುತ್ತದೆ. ಟೇಬಲ್ ಫ್ಯಾನನ್ನೂ ನಾನೇ ಸರಿಮಾಡಿದ್ದು. ಅದು ಗಾಳಿಯನ್ನು ಹಿಂದಕ್ಕೆ ಬಿಡುತ್ತದೆ. ನಾವು ಹಿಂದೆ ಕೂರುತ್ತೇವೆ. ಇಷ್ಟು ಅನುಭವ ಇದ್ದವನಿಗೆ ಒಂದು ಆಂಪ್ಲಿಫೈಯರು ಯಾವ ಲೆಕ್ಕ?

ರಿಪೇರಿ ನನ್ನ ಹವ್ಯಾಸ. ಕಸುಬು ಮಿಮಿಕ್ರಿ. ಅಂಕೋಲೆಯಿಂದ ಕಾರವಾರದವರೆಗೆ ಗಣಪತಿ ಪೆಂಡಾಲು, ಶಾಲೆಯ ಗ್ಯಾದರಿಂಗು, ಮದುವೆಮನೆ ಎಲ್ಲೇ ಕರೆದರೂ ಹೋಗಿ ಊರಿನವರ ದನಿಯನ್ನು ಊರಿನವರಿಗೇ ಮಾರಿ ಬರುತ್ತೇನೆ. ಬಸ್ಸಿನ ಕಂಡಕ್ಟರು, ಬಂಗಡೆಗೆ ಚೌಕಾಸಿ ಮಾಡುವ ಮಾಸ್ತರರು, ಸಿಟ್ಟಿನಲ್ಲಿರುವ ನಮ್ಮ ಅವ್ವಿ, ನೆಂಟರ ಎದುರಿನ ನಮ್ಮ ಅವ್ವಿ. ಕೊನೆಯ ಎರಡೂ ಒಬ್ಬಳೇ ಹೆಂಗಸು ಎಂದರೆ ಯಾರೂ ನಂಬುವುದಿಲ್ಲ.

ಈ ಎಲ್ಲಾ ದನಿಗಳನ್ನು ಕೇಳದೇ ಇದ್ದವನು ಊರಿಗೆ ಒಬ್ಬನೇ. ನನ್ನ ಅಪ್ಪ.

ಅಪ್ಪ ಮೂವತ್ತು ವರ್ಷ ಕಾರವಾರ ಬಂದರಿನ ಟ್ರಾಲರ್ ಬೋಟಿನಲ್ಲಿ ಎಂಜಿನ್ ಡ್ರೈವರ್ ಆಗಿದ್ದ. ಬೋಟಿನ ಹೊಟ್ಟೆಯೊಳಗೆ ಎಂಜಿನ್ನಿನ ಪಕ್ಕ ಕೂತೂ ಕೂತೂ, ಅದು ಅವನ ಕಿವಿಯನ್ನು ದಿನಕ್ಕಿಷ್ಟು ಎಂದು ತಿಂದು ಮುಗಿಸಿತು. ಮೊದಲು ಹೋದದ್ದು ಸಪೂರ ಸದ್ದುಗಳು: ಹಕ್ಕಿ, ಫೋನು, ಅವ್ವಿಯ ಬೈಗುಳ. ಮೂರನೆಯದಕ್ಕೆ ಅವನು ದುಃಖಪಟ್ಟದ್ದನ್ನು ನಾನು ಕಾಣಲಿಲ್ಲ. ಆಮೇಲೆ ಮಾತುಗಳೂ ಹೋದವು. ಕಿವಿಗೆ ಹಾಕುವ ಮಷಿನ್ನು ತಂದೆವು. ಅದು ಸೀಟಿ ಹೊಡೆಯಿತು. ಸೀಟಿ ಮನೆಯವರಿಗೆಲ್ಲ ಕೇಳುತ್ತಿತ್ತು, ಅವನೊಬ್ಬನನ್ನು ಬಿಟ್ಟು.

ಉಳಿದದ್ದು ದಪ್ಪ ಸದ್ದು ಮಾತ್ರ. ಗುಡುಗು ಕೇಳುತ್ತಿತ್ತು, ಲಾರಿ ಕೇಳುತ್ತಿತ್ತು, ತಬಲಾದ ಎಡಗೈಯ ಡಗ್ಗಾ ಕೇಳುತ್ತಿತ್ತು. ಹರೆಯದಲ್ಲಿ ಬಂದರಿನ ಭಜನಾ ಮೇಳಕ್ಕೆ ತಬಲಾ ಬಾರಿಸಿದವನು ಅವನು. ಕಾರವಾರದ ಕಿವಿ ಡಾಕ್ಟರು, ಇದ್ದದ್ದೂ ಕಡಿಮೆಯಾಗುತ್ತಾ ಹೋಗುತ್ತದೆ, ಕೇಳುವಷ್ಟು ದಿನ ಕೇಳಲಿ ಎಂದು ಅಪ್ಪನ ಎದುರೇ ನನಗೂ ಅವ್ವಿಗೂ ಹೇಳಿದರು. ಅಪ್ಪ ಗೋಡೆಯ ಮೇಲಿನ ಕಿವಿಯ ಚಿತ್ರ ನೋಡುತ್ತಿದ್ದ. ಹೊರಗೆ ಬಂದ ಮೇಲೂ ನಾವು ಅವನಿಗೆ ಹೇಳಲಿಲ್ಲ.

ಹಾಗಿರುವಾಗ ಅವನಿಗೆ ಸಿಕ್ಕಿದ ವರವೇ ಆ ಹಳೇ ಕಾರು. ಸದಾಶಿವಗಡದ ಒಬ್ಬ ಟ್ಯಾಕ್ಸಿಯವನಿಂದ ಕೊಂಡದ್ದು. ಆ ಮಹಾನುಭಾವನಿಗೆ ಬ್ರೇಕಿಗಿಂತ ಹಾಡಿನ ಮೇಲೆ ಹೆಚ್ಚು ಪ್ರೀತಿ ಇದ್ದಿರಬೇಕು. ಡಿಕ್ಕಿಯಲ್ಲಿ ಅಕ್ಕಿ ಡಬ್ಬಿಯಷ್ಟು ದೊಡ್ಡ ಬೇಸ್ ಬಾಕ್ಸು, ಅದನ್ನು ನಡೆಸಲು ಸೀಟಿನ ಕೆಳಗೊಂದು ಆಂಪ್ಲಿಫೈಯರು. ಪ್ರತಿ ಭಾನುವಾರ ಊಟವಾದ ಮೇಲೆ ಅಪ್ಪ ಹಿಂದಿನ ಸೀಟಿನಲ್ಲಿ ಕೂತು, ಗಾಜು ಏರಿಸಿ, ತಲೆಯನ್ನು ಹಿಂದಕ್ಕೆ ಆನಿಸಿ, ಪೆನ್‌ಡ್ರೈವಿನ ಹಳೇ ಭಜನೆಗಳನ್ನು ಹಾಕಿಸಿಕೊಳ್ಳುತ್ತಿದ್ದ. ಹಾಡಿದವರ ದನಿ ಅವನಿಗೆ ಸೇರುತ್ತಿರಲಿಲ್ಲ. ಡಗ್ಗಾ ಮಾತ್ರ ಬಾಕ್ಸಿನಿಂದ ಸೀಟಿಗೆ, ಸೀಟಿನಿಂದ ಬೆನ್ನಿಗೆ, ಬೆನ್ನಿನಿಂದ ತಲೆಗೆ ಹತ್ತಿ ಬರುತ್ತಿತ್ತು. “ಇಲ್ಲಿ ಕೇಳ್ತದೆ” ಎಂದು ಕುತ್ತಿಗೆಯ ಹಿಂಭಾಗ ಮುಟ್ಟಿ ತೋರಿಸುತ್ತಿದ್ದ.

ಒಂದು ಭಾನುವಾರ ಅವನು ಅರ್ಧ ತಾಸಿಗೇ ಕಾರಿನಿಂದ ಇಳಿದು ಬಂದ. ಹಿಂದೆಯೇ ಸುಟ್ಟ ರಬ್ಬರಿನ ವಾಸನೆಯೂ ಇಳಿದು ಬಂತು.

ಅವ್ವಿ, ಕಾರವಾರಕ್ಕೆ ಒಯ್ದು ಕೊಡು, ಗೊತ್ತಿದ್ದವರು ಮಾಡುತ್ತಾರೆ ಎಂದಳು. ‘ಗೊತ್ತಿದ್ದವರು’ ಎಂಬ ಶಬ್ದ ನನ್ನನ್ನು ಚುಚ್ಚಿತು. ಕೂಡಲೇ ಸ್ಕ್ರೂಡ್ರೈವರ್ ಹಿಡಿದು ಆಂಪ್ಲಿಫೈಯರಿನ ಮುಚ್ಚಳ ಬಿಚ್ಚಿದೆ. ಒಳಗೆ ಅಲ್ಯುಮಿನಿಯಂ ಗೋಡೆಗೆ ಒರಗಿಕೊಂಡು ಎರಡು ಪವರ್ ಟ್ರಾನ್ಸಿಸ್ಟರು, ಎರಡು ಕಪ್ಪು ಬಿಸ್ಕೀಟಿನ ಹಾಗೆ. ಅದರಲ್ಲಿ ಒಂದರ ಹೊಟ್ಟೆ ಒಡೆದಿತ್ತು. ನಂಬರೂ ಸುಟ್ಟುಹೋಗಿತ್ತು.

ನಂಬರು ಯಾಕೆ ಬೇಕು? ನಮ್ಮ ಅಟ್ಟದ ಮೇಲೆ ಸತ್ತ ಟಿವಿಯೊಂದಿತ್ತು. ಅದರ ಹೊಟ್ಟೆಯಲ್ಲಿ ಅದೇ ಬಣ್ಣ, ಅದೇ ಮೂರು ಕಾಲು, ಅದೇ ತೂತು ಇರುವ ಒಂದು ಟ್ರಾನ್ಸಿಸ್ಟರು ಸಿಕ್ಕಿತು. ನೋಡಲಿಕ್ಕೆ ಒಂದೇ ಇದ್ದರೆ ಕೆಲಸಕ್ಕೂ ಒಂದೇ ಎನ್ನುವುದು ಮಿಮಿಕ್ರಿಯವನ ಧರ್ಮ. ಕಂಡಕ್ಟರನ ಹಾಗೆ ಮಾತಾಡಿದರೆ ನಾನೇ ಕಂಡಕ್ಟರು. ತೆಗೆದು ಬೆಸುಗೆ ಹಾಕಿದೆ. ಸ್ವಿಚ್ಚು ಒತ್ತಿದೆ.

ಟಪ್.

ಕಂಡಕ್ಟರನ ಹಾಗೆ ಮಾತಾಡುವವನಿಗೆ ಟಿಕೆಟ್ ಕೊಡಲು ಬರುವುದಿಲ್ಲ ಎಂದು ಆ ಟ್ರಾನ್ಸಿಸ್ಟರು ಒಂದೇ ಅಕ್ಷರದಲ್ಲಿ ತಿಳಿಸಿ ತೀರಿಕೊಂಡಿತು. ಹೋಗುವಾಗ ಪಕ್ಕದಲ್ಲಿ ಗಟ್ಟಿಯಾಗಿದ್ದ ಇನ್ನೊಂದನ್ನೂ ಜೊತೆಗೆ ಕರೆದುಕೊಂಡು ಹೋಯಿತು.

ಮರುದಿನ ಕಾರವಾರಕ್ಕೆ ಹೋದೆ. ಪೇಟೆಯ ಒಂದು ಗಲ್ಲಿಯಲ್ಲಿ ರೇಡಿಯೊ ಸಾಮಾನಿನ ಅಂಗಡಿ ಇದೆ. ಅಂಗಡಿಯ ಮುದುಕರು ಮನೆಯಲ್ಲಿ ಕೊಂಕಣಿ, ಗಿರಾಕಿಗೆ ಕನ್ನಡ, ಟ್ರಾನ್ಸಿಸ್ಟರಿಗೆ ಎರಡೂ ಮಾತಾಡುವವರು. ಕನ್ನಡಕ ಮೂಗಿನ ತುದಿಗಿಳಿಸಿ, ನನ್ನ ಎರಡು ಹೆಣಗಳನ್ನು ತಿರುಗಿಸಿ ನೋಡಿದರು.

“ಪಳೆ ಪುತಾ, ನೋಡು ಮಗಾ, ಇದು ಈಗ ಬರೂದಿಲ್ಲ. ಬದಲಿ ಕೊಡ್ತೆ, ಹ್ಞಾಂ? ಒಂದು ದೂಡೂದು, ಒಂದು ಎಳೆಯೂದು, ಗಂಡ ಹೆಂಡ್ತಿ ಇದ್ದಾಂಗೆ. ಒಂದು ಹೋದ್ರೆ ಎರಡೂ ಬದಲ್ಸಬೇಕು. ವೋಲ್ಟು ಹೆಚ್ಚಿರಲಿ, ಆಂಪಿಯರ್ ಹೆಚ್ಚಿರಲಿ, ಕಡಿಮೆ ಬೇಡ. ಅಡಿಗೆ ಮೈಕಾ ಹಾಕದೇ ಕೂಡ್ರಿಸಬೇಡ, ಹ್ಞಾಂ? ರಾವ್ ರಾವ್, ತಡಿ, ಮತ್ತೆ ಮೊದಲು ಬ್ಯಾಟರಿ ತಂತಿಯ ನಡುವೆ ಒಂದು ಬಲ್ಬ್ ಜೋಡಿಸಿ ನೋಡು. ಬಲ್ಬ್ ಜೋರು ಉರೀತು ಅಂದ್ರೆ ನಿನ್ನ ಕೆಲಸ ಕೆಟ್ತು ಅಂತ ತಿಳ್ಕೋ.”

ನಾನು ಮೈಯೆಲ್ಲ ಕಿವಿಯಾಗಿ ಕೇಳಿದೆ. ಆ ‘ಹ್ಞಾಂ’ ಇತ್ತಲ್ಲ, ಅದು ಬಾಯಿಂದ ಹೊರಡುತ್ತಿರಲಿಲ್ಲ, ಎಡಗಡೆಯ ಮೂಗಿನ ಹೊಳ್ಳೆಯಿಂದ ಹೊರಡುತ್ತಿತ್ತು. ‘ರಾವ್ ರಾವ್’ ಎನ್ನುವಾಗ ಅವರ ಕೈ ಬಸ್ಸು ನಿಲ್ಲಿಸುವವರ ಹಾಗೆ ಮೇಲೇಳುತ್ತಿತ್ತು. ಬಂಗಾರದಂಥ ಐಟಂ! ಅಂಕೋಲೆ ಬಸ್ಸಿನಲ್ಲಿ ಇಡೀ ದಾರಿ ಅಭ್ಯಾಸ ಮಾಡಿದೆ. ಪಕ್ಕದಲ್ಲಿದ್ದವರು ಎದ್ದು ಬೇರೆ ಸೀಟಿಗೆ ಹೋದರು.

ಮನೆಗೆ ಬಂದು ಅಡಿಗೆಮನೆಯಲ್ಲಿ ಪ್ರದರ್ಶನ ಕೊಟ್ಟೆ. ಅವ್ವಿ ಸೌಟು ಹಿಡಿದುಕೊಂಡೇ ನಕ್ಕಳು. ನೆರೆಮನೆಯ ನಾಗಮ್ಮಕ್ಕ ಬೇಲಿಯಾಚೆಯಿಂದ, ಇನ್ನೊಂದ್ಸಲ ಮಾಡು ಎಂದಳು. ಅಪ್ಪ ಬಾಗಿಲಿಗೆ ಒರಗಿ ನಿಂತು ಅವ್ವಿಯ ಮುಖ ನೋಡಿ, ಅವಳು ನಕ್ಕ ಮೇಲೆ ತಾನೂ ನಕ್ಕ. ಒಟ್ಟು ಮೂರು ಸಲ ಮಾಡಿದೆ. ಎಂದರೆ, ‘ಅಡಿಗೆ ಮೈಕಾ ಹಾಕದೇ ಕೂಡ್ರಿಸಬೇಡ’ ಎಂದು ನನ್ನ ಬಾಯಿಯಿಂದಲೇ, ಸ್ಪಷ್ಟವಾಗಿ, ಕೈಸನ್ನೆಯ ಸಮೇತ ಮೂರು ಸಲ ಹೇಳಿದೆ.

ಆಮೇಲೆ ಹೋಗಿ ಮೈಕಾ ಹಾಕದೇ ಕೂಡ್ರಿಸಿದೆ.

ದನಿ ಪೂರ್ತಿ ಬಂದಿತ್ತು, ಮಾತು ಬಂದಿರಲಿಲ್ಲ. ಪೊಟ್ಟಣದಲ್ಲಿ ಟ್ರಾನ್ಸಿಸ್ಟರಿನ ಜೊತೆ ತೆಳ್ಳಗಿನ, ಗಾಜಿನಂಥ ಎರಡು ಹಾಳೆ ಇದ್ದವು. ಪ್ಯಾಕಿಂಗು ಎಷ್ಟು ಚೆಂದ ಮಾಡುತ್ತಾರಪ್ಪ ಎಂದು ಮೆಚ್ಚಿಕೊಂಡು ಕಸದ ಡಬ್ಬಿಗೆ ಹಾಕಿದ್ದೆ. ಅದೇ ಮೈಕಾ. ಟ್ರಾನ್ಸಿಸ್ಟರಿನ ಬೆನ್ನು ಲೋಹದ್ದು. ನಡುವೆ ಆ ಹಾಳೆ ಇಲ್ಲದಿದ್ದರೆ ಗಂಡನ ಕರೆಂಟು ಅಲ್ಯುಮಿನಿಯಂ ಗೋಡೆಯ ಮೂಲಕ ನೇರ ಹೆಂಡತಿಗೆ ಹೋಗುತ್ತದೆ. ಜಗಳ ಅನಿವಾರ್ಯ.

ಫ್ಯೂಸು ಹೋಯಿತು. ಹೊಸ ಫ್ಯೂಸು ಹಾಕಿದೆ, ಅದೂ ಹೋಯಿತು. ಫ್ಯೂಸಿನ ಗುಣಮಟ್ಟ ಕುಸಿದಿದೆ ಎಂದು ತೀರ್ಮಾನಿಸಿ, ಅದರ ಜಾಗದಲ್ಲಿ ದಪ್ಪ ತಾಮ್ರದ ತಂತಿ ಸುತ್ತಿದೆ. ಅಪ್ಪ ಪಾಪ, ಡಿಕ್ಕಿಯ ಮೇಲೆ ಕೈ ಇಟ್ಟುಕೊಂಡು ಕಾಯುತ್ತಾ ನಿಂತಿದ್ದ. ಸ್ವಿಚ್ಚು ಒತ್ತಿದೆ.

ಢಬ್!

ಸೀಟಿನ ಕೆಳಗಿಂದ ಹೊಗೆ ಎದ್ದಿತು. ಅಪ್ಪನ ಮುಖ ಅರಳಿತು. “ಬಂತು” ಎಂದ. ಅವನ ಅಂಗೈಗೆ ಮುಟ್ಟಿದ ಆ ಒಂದು ಏಟನ್ನು ಅವನು ಡಗ್ಗಾ ಎಂದುಕೊಂಡಿದ್ದ. ನಾನು ತಲೆ ಅಲ್ಲಾಡಿಸಿ ಹೊಗೆ ತೋರಿಸಿದೆ. ಅವನು ಕೈ ತೆಗೆದು ಲುಂಗಿಗೆ ಒರೆಸಿಕೊಂಡ.

ಮತ್ತೆ ಕಾರವಾರ. ಮುದುಕರು ಹೊಸ ಹೆಣಗಳ ಬೆನ್ನು ಮೂಸಿ ನೋಡಿ, ಮೈಕಾ ಎಲ್ಲಿ ಎಂದು ಕೇಳಿದರು. ನಾನು ಅಂಗಡಿಯ ಮಾಡು ನೋಡಿದೆ. ಅವರು ಬೈಯಲಿಲ್ಲ. ಬೈದಿದ್ದರೆ ಅದನ್ನಾದರೂ ಕಲಿತು ಬರುತ್ತಿದ್ದೆ. ಸುಮ್ಮನೆ ಇನ್ನೊಂದು ಜೋಡಿ ಕೊಟ್ಟು, ಮೈಕಾವನ್ನು ಕೈಯಲ್ಲಿಟ್ಟು ಮುಷ್ಟಿ ಮಡಚಿಸಿ, “ಸ್ಪೀಕರ್ ನೋಡಿದ್ಯಾ?” ಎಂದರು.

“ನೋಡಿದೆ” ಎಂದೆ.

ಸುಳ್ಳಲ್ಲ. ನೋಡಿದ್ದೆ. ಕಪ್ಪಗೆ, ದುಂಡಗೆ ಇತ್ತು.

ಈ ಸಲ ಎಲ್ಲವನ್ನೂ ಅವರು ಹೇಳಿದ ಹಾಗೇ ಮಾಡಿದೆ. ಮೈಕಾ ಹಾಕಿದೆ, ಬಲ್ಬ್ ಜೋಡಿಸಿದೆ. ಬಿಸಿ ಬೆಸುಗೆ ಕಡ್ಡಿಯನ್ನು ತಪ್ಪು ತುದಿಯಲ್ಲಿ ಹಿಡಿದು ಎರಡು ಬೆರಳು ಸುಟ್ಟುಕೊಂಡೆ. ಇದೊಂದು ಅವರು ಹೇಳದೇ ಮಾಡಿದ್ದು. ಬಲ್ಬ್ ಒಮ್ಮೆ ಮಿನುಗಿ ಆರಿತು. ಮೇಜಿನ ಮೇಲೆ ಹಳೇ ರೇಡಿಯೊದ ಪುಟ್ಟ ಸ್ಪೀಕರಿಗೆ ಜೋಡಿಸಿದರೆ ಆಂಪ್ಲಿಫೈಯರು ಹಾಡಿತು! ಕಾರಿಗೆ ಒಯ್ದು ಬೇಸ್ ಬಾಕ್ಸಿನ ತಂತಿ ಸಿಕ್ಕಿಸಿದೆ. ಹಸಿರು ದೀಪ ಹೊತ್ತಿತು.

ಆ ಭಾನುವಾರ ಅಪ್ಪ ಒಳಗೆ ಕೂತ. ಗಾಜು ಏರಿಸಿದ. ಬಾಗಿಲುಗಳಲ್ಲಿರುವ ಸಣ್ಣ ಸ್ಪೀಕರುಗಳಿಂದ ಭಜನೆ ಹೊರಗೂ ತೆಳ್ಳಗೆ ಕೇಳುತ್ತಿತ್ತು. ನಾನು ಗಾಜಿಗೆ ಮೂಗು ಒತ್ತಿ ಅವನ ಮುಖವನ್ನೇ ನೋಡಿದೆ. ಕಣ್ಣು ಮುಚ್ಚಿತು. ಬೆರಳುಗಳು ಮೊಣಕಾಲಿನ ಮೇಲೆ ತಾಳ ಹಿಡಿದವು. ತಲೆ ಸಣ್ಣಗೆ ಆಡಿತು. ಇಳಿದು ಬಂದವನು ನನ್ನ ಭುಜ ಹಿಡಿದು, “ಚಲೋ ಆಯ್ತು ತಮಾ, ಮೊದಲಿಗಿಂತ ಚಲೋ” ಎಂದ.

ನಾಗಮ್ಮಕ್ಕನಿಗೆ ಬೇಲಿಯ ಮೇಲಿಂದ ಸುದ್ದಿ ಮುಟ್ಟಿಸಿದೆ. ಅಂಗಡಿಯ ಮುದುಕರಿಗೆ ಅವರದೇ ದನಿಯಲ್ಲಿ ಫೋನಿನಲ್ಲಿ ಧನ್ಯವಾದ ಕಳಿಸಿದೆ. ಒಂದು ವಾರ ಎದೆ ಉಬ್ಬಿಸಿಕೊಂಡು ತಿರುಗಿದೆ.

ಮುಂದಿನ ಭಾನುವಾರವೂ ಅಪ್ಪ ಕೂತ, ತಾಳ ಹಾಕಿದ, ಚಲೋ ಎಂದ. ಮೂರನೆಯ ಭಾನುವಾರ ನನಗೆ ಸಂಜೆ ಹಟ್ಟಿಕೇರಿಯಲ್ಲಿ ಕಾರ್ಯಕ್ರಮ. ಹಿನ್ನೆಲೆ ಸಂಗೀತ ತುಂಬಿಸಲು ಬೆಳಿಗ್ಗೆಯೇ ಕಾರಿನ ಪೆನ್‌ಡ್ರೈವ್ ಕಿತ್ತು ಕಿಸೆಯಲ್ಲಿಟ್ಟುಕೊಂಡವನು ಮರೆತುಬಿಟ್ಟೆ. ಮಧ್ಯಾಹ್ನ ಅಪ್ಪನಿಗೆ ಚಾ ಕೊಡಲು ಕಾರಿನ ಬಾಗಿಲು ತೆಗೆದೆ.

ಪೆನ್‌ಡ್ರೈವ್ ಇಲ್ಲದೆ ಕಾರಿನ ಪ್ಲೇಯರು ತಾನಾಗಿ ರೇಡಿಯೊಗೆ ಹೋಗಿತ್ತು. ಯಾರೋ ಹೆಂಗಸು ಏರಿಳಿತವಿಲ್ಲದ ದನಿಯಲ್ಲಿ ಓದುತ್ತಿದ್ದಳು: ಕರಾವಳಿಯಲ್ಲಿ ಬಿರುಗಾಳಿ ಬೀಸುವ ಸಂಭವವಿದ್ದು, ಮೀನುಗಾರರು ಸಮುದ್ರಕ್ಕೆ ಇಳಿಯಬಾರದು.

ಅಪ್ಪ ಕಣ್ಣು ಮುಚ್ಚಿ ಅದಕ್ಕೆ ತಾಳ ಹಾಕುತ್ತಿದ್ದ. ನಿಧಾನದ ಒಂದು ಭಜನೆಯ ತಾಳ. ಆವರ್ತನ ತಪ್ಪುತ್ತಿರಲಿಲ್ಲ. ಎಲ್ಲಿ ತಲೆ ಆಡಿಸಬೇಕೋ ಅಲ್ಲಿ ಸರಿಯಾಗಿ ಆಡಿಸುತ್ತಿದ್ದ.

ನನ್ನ ಕೈಯ ಚಾ ಆರುತ್ತಾ ಹೋಯಿತು. ಪೆನ್‌ಡ್ರೈವ್ ಸಿಕ್ಕಿಸಿ, ಸದ್ದು ಏರಿಸಿ, ಹಿಂದೆ ಹೋಗಿ ಡಿಕ್ಕಿ ತೆಗೆದು ಬಾಕ್ಸಿನ ಮೇಲೆ ಅಂಗೈ ಇಟ್ಟೆ. ಕುಂಬಳಕಾಯಿ ಮುಟ್ಟಿದ ಹಾಗೆ, ಒಂದಿಷ್ಟೂ ನಡುಕವಿರಲಿಲ್ಲ. ತಾಮ್ರದ ತಂತಿಯ ದಿನ ಆ ಒಂದು ‘ಢಬ್’ನಲ್ಲಿ ಸ್ಪೀಕರಿನ ಒಳಗಿನ ಸುರುಳಿ ಸುಟ್ಟುಹೋಗಿತ್ತು. ಎಂದರೆ ಮೂರು ಭಾನುವಾರ ಅಪ್ಪ ಏನೂ ಕೇಳಿರಲಿಲ್ಲ. ಅವನ ಲೆಕ್ಕದಲ್ಲಿ ಇನ್ನೆಷ್ಟು ಭಾನುವಾರ ಉಳಿದಿದ್ದವೋ, ಅದರಲ್ಲಿ ಮೂರು.

ತಿರುಗಿ ನೋಡಿದರೆ ಅಪ್ಪ ಕಣ್ಣು ಬಿಟ್ಟು ಬಾಕ್ಸಿನ ಮೇಲಿದ್ದ ನನ್ನ ಕೈ ನೋಡುತ್ತಿದ್ದ. ಕಿವಿ ಕೇಳದವರು ಮಾತಾಡುವ ಹಾಗೆ, ಬೇಕಾದ್ದಕ್ಕಿಂತ ಸ್ವಲ್ಪ ಜೋರಾಗಿ ಹೇಳಿದ:

“ಎರಡು ಬೆರಳು ಸುಟ್ಕೊಂಡಿದ್ದೆ ನೀನು. ಮೂರನೇದು ಎಂತಕ್ಕೆ ಸುಡೂದು ಅಂತ ಸುಮ್ನಾದೆ.”

ನಾನು ಡಿಕ್ಕಿ ಮುಚ್ಚಿದೆ. ಆರಿದ ಚಾ ಚೆಲ್ಲಿ, ಬೇರೆ ಬಿಸಿ ಮಾಡಿ ತಂದುಕೊಟ್ಟೆ.

ಮರುದಿನವೇ ಅಪ್ಪನನ್ನು ಕೂರಿಸಿಕೊಂಡು ಕಾರನ್ನು ಕಾರವಾರಕ್ಕೆ ಒಯ್ದೆ. ಹೊಸ ಸ್ಪೀಕರನ್ನು ಮುದುಕರೇ ಕೂಡ್ರಿಸಿದರು. ನಾನು ಟಾರ್ಚು ಹಿಡಿದೆ. ಅದೂ ಅಲ್ಲಾಡಿಸಬೇಡ ಎಂದರು. ಹಾಡು ಹಾಕಿದಾಗ ಕಾರಿನ ಗಾಜು ನಡುಗಿತು, ನನ್ನ ಎದೆ ನಡುಗಿತು. ಹಿಂದಿನ ಸೀಟಿನಲ್ಲಿ ಅಪ್ಪ ತಲೆ ಆನಿಸಿದ, ಕಣ್ಣು ಮುಚ್ಚಿದ, ಮೊಣಕಾಲಿನ ಮೇಲೆ ಬೆರಳಿಟ್ಟ. ನಾನು ತಟ್ಟಿ ಎಬ್ಬಿಸಿ, ಬಂತಾ ಎಂದು ಬಾಯಿ ಆಡಿಸಿ ಕೇಳಿದೆ.

“ಬಂತು ತಮಾ. ಈಗ ಬಂತು.”

ಅದೇ ಮುಖ. ಅದೇ ತಾಳ. ಎಲ್ಲಿ ಆಡಿಸಬೇಕೋ ಅಲ್ಲೇ ಆಡಿದ ತಲೆ.

ಟ್ರಾನ್ಸಿಸ್ಟರು ಸತ್ತಿದೆಯೋ ಬದುಕಿದೆಯೋ ನೋಡಲು ಮೀಟರು ಇದೆ. ಅಪ್ಪನ ಕಿವಿ ನೋಡಲು ಪೆನ್‌ಡ್ರೈವ್ ಎಳೆದರೆ ಸಾಕು. ಅಪ್ಪನ ಬೆರಳು ನಿಂತರೆ ಕೇಳುತ್ತಿದೆ, ನಿಲ್ಲದಿದ್ದರೆ ಇಲ್ಲ. ಪ್ರತಿ ಭಾನುವಾರ ಮುಂದಿನ ಸೀಟಿನಲ್ಲಿ ಕೂತು ಕೈಯನ್ನು ಅಲ್ಲಿಯವರೆಗೆ ಒಯ್ಯುತ್ತೇನೆ. ಆಮೇಲೆ ಪ್ಲೇಯರಿನ ಧೂಳು ಒರೆಸಲು ಬಂದವನ ಹಾಗೆ ಮಾಡಿ ಕೈ ಹಿಂದಕ್ಕೆ ತೆಗೆಯುತ್ತೇನೆ. ನಟನೆ ಅಷ್ಟೇನೂ ಚೆನ್ನಾಗಿ ಬರುವುದಿಲ್ಲ. ಅಪ್ಪ ಕಣ್ಣು ಮುಚ್ಚಿಕೊಂಡಿರುವುದರಿಂದ ನಡೆದುಹೋಗುತ್ತದೆ.