ಸೋಮನಿಗೆ ಉಷ್ಣ

ಇನ್ನೊಬ್ಬರ ದುಃಖವನ್ನು ಅವರನ್ನು ಕೇಳದೆಯೇ ನಿರ್ಧರಿಸಿಬಿಡುವ ಕೆಟ್ಟ ಚಾಳಿಯೊಂದು ನನಗಿದೆ. ರೈಲಿನಲ್ಲಿ ಯಾರಾದರೂ ಕಿಟಕಿಗೆ ತಲೆಯಾನಿಸಿ ಕೂತಿದ್ದರೆ ಸಾಕು, ಪಾಪ, ಏನು ಕಷ್ಟವೋ ಎಂದು ಅವರ ಪರವಾಗಿ ನಾನೇ ನಿಟ್ಟುಸಿರು ಬಿಡುತ್ತೇನೆ. ಅವರು ತಮ್ಮ ನಿಲ್ದಾಣ ಬಂದಾಗ ಆಕಳಿಸಿ, ಮೈಮುರಿದು, ಇಳಿದು ಹೋಗುತ್ತಾರೆ. ಮನೆ ಮುಟ್ಟುವವರೆಗೂ ಸಪ್ಪಗಿರುವವನು ನಾನು. ಈ ಚಾಳಿ ಮನುಷ್ಯರಿಗೇ ನಿಂತಿದ್ದರೆ ಹೇಗೋ ನಡೆದುಹೋಗುತ್ತಿತ್ತು. ನಮ್ಮ ನಾಯಿ ಸೋಮನ ವಿಷಯದಲ್ಲಿ ಅದು ಮಿತಿಮೀರಿತು.

ಸೋಮ ಸೈಬೀರಿಯನ್ ಹಸ್ಕಿ. ಮಗಳು ಅದಿತಿ ಹಟ ಹಿಡಿದು ಪಕ್ಕದ ಊರಾದ ಕ್ಲಾಂಗ್‌ನ ಯಾರದೋ ಮನೆಯ ಹಿತ್ತಿಲಿನಿಂದ ಎತ್ತಿಕೊಂಡು ಬಂದ ಮರಿ. ಈಗ ಕೌಲಾಲಂಪುರದ ಮಾಂಟ್ ಕಿಯಾರಾದ ನಮ್ಮ ಹದಿನಾಲ್ಕನೆಯ ಮಹಡಿಯ ಮನೆಯಲ್ಲಿ ಒಂದು ಇಡೀ ಕೋಣೆಯನ್ನು ಏಸಿ ಸಮೇತ ವಶಪಡಿಸಿಕೊಂಡಿದೆ. ಯಕ್ಷಗಾನದ ಚೌಕಿಯಲ್ಲಿ ಕೂತು ಬರೆಸಿಕೊಂಡ ಹಾಗೆ ಮುಖದ ಮೇಲೆ ಕಪ್ಪು ಬಿಳುಪು ಬಣ್ಣ. ಒಂದು ಕಣ್ಣು ನೀಲಿ, ಇನ್ನೊಂದು ಕಂದು. ಮಲಗುವಾಗ ಬಾಲವನ್ನು ಮೂಗಿನ ಮೇಲೆ ಹೊದ್ದುಕೊಳ್ಳುತ್ತದೆ. ಬೊಗಳುವುದು ಅಪರೂಪ, ವಾದ ಮಾಡುವುದೇ ಹೆಚ್ಚು. ‘ಸೋಫಾದಿಂದ ಇಳಿಯೋ’ ಎಂದರೆ ಮುಖವೆತ್ತಿ ‘ಊ ವಾ ವೂ’ ಎಂದು ಐದು ನಿಮಿಷ ವಿವರಣೆ ಕೊಡುತ್ತದೆ, ಇಳಿಯುವುದಿಲ್ಲ. ಕಾವಲಿನ ಮಾತಂತೂ ಎತ್ತಲೇಬಾರದು. ಕಳ್ಳ ಬಂದರೆ ಕೈ ನೆಕ್ಕಿ, ಒಳಗೆ ಕರೆದು, ಕಪಾಟು ಎಲ್ಲಿದೆಯೆಂದು ತೋರಿಸುವ ಸ್ವಭಾವ.

ನಾನು ವೈದ್ಯಕೀಯ ಕಾಲೇಜಿನಲ್ಲಿ ಶರೀರದ ಉಷ್ಣತೆ, ಬೆವರು ಇತ್ಯಾದಿಗಳ ಪಾಠ ಹೇಳುವವನು. ಹಾಗಾಗಿ ಈ ತಳಿಯ ಬಗ್ಗೆ ಓದದೆ ಬಿಡಲಾಗಲಿಲ್ಲ. ಸೈಬೀರಿಯಾದ ಈಶಾನ್ಯ ತುದಿಯಲ್ಲಿ ಚುಕ್ಚಿ ಎಂಬ ಜನ ಇವುಗಳನ್ನು ತಲೆತಲಾಂತರದಿಂದ ಸಾಕಿದರಂತೆ. ಹಗಲೆಲ್ಲ ಹಿಮದ ಮೇಲೆ ಗಾಡಿ ಎಳೆಯುವುದು, ಆಮೇಲೆ ಗುಡಾರದಲ್ಲಿ ಮಕ್ಕಳ ಪಕ್ಕ ಬೆಚ್ಚಗೆ ಮಲಗುವುದು. ಓದಿ ಕಣ್ಣು ಮುಚ್ಚಿದರೆ ಮುಗಿಯಿತು. ಶನಿವಾರದ ಮಧ್ಯಾಹ್ನ, ಹೊರಗೆ ಕೌಲಾಲಂಪುರದ ಕುದಿಬಿಸಿಲು, ಒಳಗೆ ಸೋಮನ ಕೋಣೆಯ ತಂಪಿನಲ್ಲಿ ನೆಲದ ಮೇಲೆ ನಾವಿಬ್ಬರು. ನಿದ್ದೆಯಲ್ಲಿ ಅದರ ಕಾಲುಗಳು ಮೆಲ್ಲಗೆ ಓಡತೊಡಗುತ್ತಿದ್ದವು. ಅದರ ಹಿಂದಿನ ಗಾಡಿಯಲ್ಲಿ ನಾನೂ ಕೂತಿರುತ್ತಿದ್ದೆ. ಸುತ್ತ ಬಿಳಿ, ಮೇಲೆ ಬಿಳಿ, ಶಬ್ದವೇ ಇಲ್ಲ. ಎಷ್ಟು ದೂರ ಹೋದರೂ ಯಾರೂ ನನ್ನನ್ನು ಎಲ್ಲಿಯವರು ಎಂದು ಕೇಳುತ್ತಿರಲಿಲ್ಲ.

ಸಂಜೆ ಆರಕ್ಕೆ ಎದ್ದು ಸೋಮ ಬಾಲ್ಕನಿಗೆ ಹೋಗಿ, ಮೂಗು ಮೇಲೆತ್ತಿ, ಉದ್ದಕ್ಕೆ ಊಳಿಡುತ್ತಿತ್ತು. ಇದಕ್ಕೆ ತನ್ನ ಊರು ನೆನಪಾಗಿದೆ ಎಂದು ನಾನು ತೀರ್ಮಾನಿಸಿದೆ. ಕ್ಯಾಮರಾನ್ ಬೆಟ್ಟದ ಚಳಿಯಲ್ಲಿ ತರಕಾರಿ ಬೆಳೆಯುವ ಮುರುಗನ್ ಎಂಬವರು ಸಾಕಲು ಒಪ್ಪಿದರು. ‘ಶನಿವಾರ ಬಂದು ಕರಕೊಂಡು ಹೋಗ್ತಾರೆ’ ಎಂದು ಮನೆಯಲ್ಲಿ ಹೇಳಿದೆ. ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರಿಸುವ ಅದಿತಿ ಅಂದಿನಿಂದ ಯಾವ ಭಾಷೆಯಲ್ಲೂ ಉತ್ತರಿಸಲಿಲ್ಲ. ಊಟಕ್ಕೂ ಸೋಮನ ಕೋಣೆಯಿಂದ ಹೊರಬರಲಿಲ್ಲ.

ಉಡುಪಿಯಿಂದ ಬಂದಿದ್ದ ನನ್ನ ಅತ್ತೆ ಇದನ್ನೆಲ್ಲ ನೋಡಿ ನಕ್ಕುಬಿಟ್ಟರು. “ಎಂತ ದುಃಖವೂ ಇಲ್ಲ ಮಾರಾಯ್ರೆ. ಅದಕ್ಕೆ ಉಷ್ಣ ಆಗಿದೆ. ನೆತ್ತಿಗೆ ಹರಳೆಣ್ಣೆ ಇಟ್ಟು ಮೀಯಿಸಿದ್ರೆ ಊಳಿಡೋದು ನಿಲ್ತದೆ.”

“ಅತ್ತೆ, ಅದರ ಮೈಮೇಲೆ ಎರಡು ಪದರ ತುಪ್ಪಳ ಇದೆ. ಬಿಸಿಲನ್ನೂ ಅದೇ ತಡೆಯೋದು. ಎಣ್ಣೆ ಹಚ್ಚಿದ್ರೆ ಗತಿಯೇನು?”

“ನಿಮಗೆ ಗೊತ್ತಿಲ್ಲ” ಎಂದರು, ಇಪ್ಪತ್ತು ವರ್ಷ ಅದನ್ನೇ ಪಾಠ ಹೇಳಿದವನಿಗೆ.

ಎದುರು ಮನೆಯ ಲಿಮ್ ಆಂಟಿಯೂ ಅವರ ಕಡೆಗೇ ಸೇರಿಕೊಂಡರು. ಅತ್ತೆಗೆ ಚೀನೀ ಭಾಷೆ ಬಾರದು, ಆಂಟಿಗೆ ಕನ್ನಡ ಬಾರದು. ಆದರೆ ಆಂಟಿ ಸೋಮನ ಮೂಗು ಮುಟ್ಟಿ “ಹೀಟಿ ಲಾ, ವೆರಿ ಹೀಟಿ” ಎಂದದ್ದೇ ತಡ, ಅತ್ತೆಗೆ ಪರದೇಶದಲ್ಲಿ ಒಡಹುಟ್ಟಿದವಳು ಸಿಕ್ಕಷ್ಟು ಸಂತೋಷ. ಆಂಟಿ ಬಾರ್ಲಿ ನೀರು ತಂದರು, ಅತ್ತೆ ಮೆಂತೆ ಗಂಜಿ ಕಾಯಿಸಿದರು. ಸೋಮ ಎರಡನ್ನೂ ಮೂಸಿ ವಾದ ಮಾಡಿತು. ಹರಳೆಣ್ಣೆ ಬಾಟಲಿಯನ್ನು ನಾನು ನನ್ನ ದಪ್ಪ ಪುಸ್ತಕಗಳ ಹಿಂದೆ ಬಚ್ಚಿಟ್ಟೆ.

ಶನಿವಾರ ಬೆಳಗ್ಗೆ ಹತ್ತಕ್ಕೆ ಮುರುಗನ್ ಬಂದರು. ಸೋಮ ಅವರ ಎರಡೂ ಕೈ ನೆಕ್ಕಿ, ಬಾಲ ಕುಣಿಸಿ, ಮುಂದೆ ಮುಂದೆ ಲಿಫ್ಟಿಗೆ ನಡೆಯಿತು. ಒಮ್ಮೆ ತಿರುಗಿಯೂ ನೋಡಲಿಲ್ಲ. ಕಳಿಸುವವನು ನಾನೇ ಆದರೂ, ಇಷ್ಟೇನಾ ಋಣ ಎನ್ನಿಸಿತು.

ಕೆಳಗೆ ಲಾಬಿಯ ಗಾಜಿನ ಬಾಗಿಲು ತೆರೆಯಿತು. ಬಿಸಿಲಿನ ಝಳ ಮುಖಕ್ಕೆ ಹೊಡೆಯಿತು. ಸೋಮ ಒಂದು ಕ್ಷಣ ಯೋಚಿಸಿ, ತಣ್ಣನೆಯ ಗ್ರಾನೈಟ್ ಮೇಲೆ ನಾಲ್ಕೂ ಕಾಲು ಚಾಚಿ ಮಲಗಿಬಿಟ್ಟಿತು. ಮುರುಗನ್ ಎಳೆದರು, ಸೆಕ್ಯೂರಿಟಿಯವರು ಎಳೆದರು, ನಾನು ಹಿಂದಿನಿಂದ ತಳ್ಳಿದೆ. ಹಿಮದಲ್ಲಿ ಗಾಡಿ ಎಳೆದ ವಂಶ, ಅದನ್ನು ಎಳೆಯಲು ಮೂವರು ಸಾಲಲಿಲ್ಲ. ಕೊನೆಗೆ ಮಂಡಿಯೂರಿ ಕೂತು ಅದರ ಕಿವಿಯಲ್ಲಿ ಹೇಳಿದೆ: “ಹೋಗೋ ಸೋಮಾ. ಅಲ್ಲಿ ಬೆಟ್ಟ, ಮಂಜು, ಕಂಬಳಿ ಹೊದೆಯೋ ಚಳಿ. ನಿನ್ನ ಊರಿನ ಹಾಗೇ ಇರುತ್ತೆ ಕಣೋ. ಊರು ಬಿಟ್ಟು ಇರೋದು ಎಷ್ಟು ಕಷ್ಟ ಅಂತ ನನಗೆ ಗೊತ್ತಿಲ್ವಾ?”

“ವಿಚ್ ಊರು, ಅಪ್ಪಾ?” ಹಿಂದೆ ಅದಿತಿ, ಬರಿಗಾಲಲ್ಲಿ. “ಹೀ ಈಸ್ ಫ್ರಮ್ ಕ್ಲಾಂಗ್ ಲಾ! ಆರು ಗಂಟೆಗೆ ಕೆಳಗಿನ ಮಾಮಕ್ ಹೋಟೆಲ್‌ನವರು ತಂದೂರಿ ಚಿಕನ್ ಸ್ಟಾರ್ಟ್ ಮಾಡ್ತಾರೆ. ದಟ್ಸ್ ವೈ ಊಳು.” ಆಮೇಲೆ ಸೋಮನ ಕುತ್ತಿಗೆ ತಬ್ಬಿಕೊಂಡು, ಒಂದೂ ಇಂಗ್ಲಿಷ್ ಪದವಿಲ್ಲದೆ, ಮೆಲ್ಲಗೆ ಅಂದಳು: “ಊರು ನೆನಪಾಗಿದ್ದು ನಿಮಗೆ.”

ಮುರುಗನ್ ಹಗ್ಗವನ್ನು ನನ್ನ ಕೈಗಿಟ್ಟು ಭುಜ ತಟ್ಟಿದರು. ತಂದಿದ್ದ ಎಲೆಕೋಸುಗಳನ್ನು ಕೊಟ್ಟು ಹೋದರು. ಸೋಮ ಎದ್ದು ಮೈ ಕೊಡವಿ, ತಾನಾಗಿ ಲಿಫ್ಟಿನ ಮುಂದೆ ಹೋಗಿ ನಿಂತಿತು.

ಮೇಲೆ ಬಂದಾಗ ಅತ್ತೆ ನಾಯಿಯನ್ನು ನೋಡಲಿಲ್ಲ, ನನ್ನ ಮುಖ ನೋಡಿದರು. “ಆ ಬಾಟಲಿ ತನ್ನಿ” ಎಂದರು. ಬಚ್ಚಿಟ್ಟದ್ದು ಅವರಿಗೆ ಗೊತ್ತಿತ್ತು. ಈಗ ಸೋಮನ ಕೋಣೆಯಲ್ಲಿ ಮಣೆ ಮೇಲೆ ಕೂತಿದ್ದೇನೆ. ಅತ್ತೆ ನನ್ನ ನೆತ್ತಿಗೆ ಹರಳೆಣ್ಣೆ ಸುರಿದು ತಟ್ಟುತ್ತಿದ್ದಾರೆ, ಲಿಮ್ ಆಂಟಿಯ ಬಾರ್ಲಿ ನೀರು ನನ್ನ ಕೈಯಲ್ಲಿದೆ. ಮೂಗಿನ ಮೇಲೆ ಬಾಲ ಹೊದ್ದ ಸೋಮ ನೀಲಿ ಕಣ್ಣನ್ನು ಮಾತ್ರ ತೆರೆದು ನೋಡುತ್ತಿದೆ. ನನ್ನ ಕೆನ್ನೆ ಮೇಲೆ ಏನೋ ಇಳಿಯಿತು.

“ಹ್ಞಾಂ, ಉಷ್ಣ ಇಳೀತಾ ಉಂಟು” ಎಂದರು ಅತ್ತೆ.

ಇಪ್ಪತ್ತು ವರ್ಷದ ಪಾಠವನ್ನು ಬದಿಗಿಟ್ಟು, ಹೌದು ಎಂದೆ.