ಮುಚ್ಚಳದ ಮೇಲಿನ ಹೆಸರು

"ಇನ್ನು ಮೇಲೆ ಈ ಮನೇಲಿ ಯಾರೂ ಏನನ್ನೂ ಹುಡುಕಬೇಕಾಗಿಲ್ಲ," ಎಂದು ಹಲ್ಲಕ್ಕ ಭಾನುವಾರ ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದಳು. ಕೈಯಲ್ಲಿದ್ದದ್ದು ಸೌಟು, ಗತ್ತು ಮಾತ್ರ ರಾಜದಂಡ ಹಿಡಿದವಳದು.

ಹಲ್ಲಕ್ಕ ಎನ್ನುವುದು ಅವಳ ಹುಟ್ಟುಹೆಸರಲ್ಲ ಬಿಡಿ. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಕೂತು, ಹಲ್ಲಿಲ್ಲದವರಿಗೆ ಹಲ್ಲುಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಊರಿನ ಅರ್ಧ ಮುದುಕರು ಬಾಯಿ ತುಂಬ ನಗುತ್ತಿದ್ದರೆ ಅದು ಅವಳ ಕೈಚಳಕ. ಅಲ್ಲಿ ಒಂದು ಸೂಜಿಯೂ ಅತ್ತಿತ್ತ ಆಗದು. ಮನೆಯಲ್ಲಿ ಮಾತ್ರ ಬೆಳಗಾದರೆ ರಂಪ. ಗಂಡ ಲಿಫ್ಟ್ ರಿಪೇರಿಯವನು. ನಟ್ಟು ಬೋಲ್ಟು ಕಾಣದೆ ಅವನ ಸಿಡಿಮಿಡಿ. ಮಾವನವರಿಗೆ ಮಾತ್ರೆ ಸಿಗದು, ಅತ್ತೆಗೆ ಸೂಜಿದಾರ ಸಿಗದು. ಮಗಳು ಕೂಡಿಟ್ಟ ಕಪ್ಪೆಚಿಪ್ಪು ಒಂದೇ ಎಲ್ಲರಿಗೂ ಸಿಗುತ್ತಿತ್ತು, ಅದೂ ಅಂಗಾಲಿಗೆ.

ಅದಕ್ಕೇ ಅವಳು ಕ್ಲಿನಿಕ್ಕಿನಲ್ಲಿ ಸೆಟ್ಟು ಇಡುವಂಥ ಬಿಳಿ ಡಬ್ಬಿಗಳನ್ನು ಐದು ಕೊಂಡು ತಂದಳು. ಎಲ್ಲ ಒಂದೇ ಅಳತೆ, ಒಂದೇ ಅಚ್ಚು. ಒಳಗೆ ಅವರವರ ಸಾಮಾನು ತುಂಬಿ, ಮುಚ್ಚಳಗಳ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಮಾವ, ಅತ್ತೆ, ಅವರು, ಮಗಳು, ನನ್ನ ಕೆಲಸ.

"ಅವರು ಅಂದ್ರೆ ಯಾರು?" ಎಂದು ಗಂಡ ಕೇಳಿದ.

"ನೀವೇ. ಇನ್ಯಾರು? ಬೆಳಿಗ್ಗೆ ಮುಚ್ಚಳ ನೋಡಿ, ಡಬ್ಬಿ ಎತ್ಕೊಳ್ಳಿ, ಹೊರಡಿ. ತೆಗೆದು ನೋಡೋದು, ಕೂಗೋದು, ಕೇಳೋದು ಯಾವುದೂ ಬೇಡ. ಇದು ಹೊಸ ಪದ್ಧತಿ."

ಪದ್ಧತಿ ಕೆಲವು ದಿನ ಎಷ್ಟು ಚೆನ್ನಾಗಿ ನಡೆಯಿತೆಂದರೆ, ಹಲ್ಲಕ್ಕ ಪಕ್ಕದ ಮನೆಯವರಿಗೂ ಉಪದೇಶ ಮಾಡಿ ಬಂದಳು. ಅಷ್ಟರಲ್ಲಿ ದೊಡ್ಡ ಮಿಸ್ಸಿನ ಹಲ್ಲುಸೆಟ್ಟು ಕೊಡುವ ದಿನ ಹತ್ತಿರ ಬಂತು.

ದೊಡ್ಡ ಮಿಸ್ ಎಂದರೆ ನಿವೃತ್ತ ಹೆಡ್ ಮಿಸ್ಸು. ಊರಿನವರಿಗೆಲ್ಲ ಕಿವಿ ಹಿಂಡಿ ಅಕ್ಷರ ಕಲಿಸಿದವರು. ಹಲ್ಲಕ್ಕನ ಕಿವಿಯೂ ಅದರಲ್ಲಿ ಸೇರಿತ್ತು. ಅವರು ರೇಡಿಯೋದಲ್ಲಿ 'ಅಚ್ಚುಕಟ್ಟಿನ ಬದುಕು' ಎಂಬ ವಿಷಯದ ಮೇಲೆ ನೇರ ಪ್ರಸಾರದಲ್ಲಿ ಮಾತಾಡಬೇಕಿತ್ತು. ಬಾಯಲ್ಲಿ ಮಾತ್ರ ಒಂದು ಹಲ್ಲೂ ಇರಲಿಲ್ಲ. ಮಗಳ ಜ್ವರ, ಅತ್ತೆಯ ಮಂಡಿನೋವು ಎಂದು ಹಲ್ಲಕ್ಕ ಆಗಲೇ ವಾಯಿದೆ ಮೇಲೆ ವಾಯಿದೆ ಕೇಳಿದ್ದಳು.

"ನಾಳೆ ಬೆಳಿಗ್ಗೆ ಸೆಟ್ಟು ನನ್ನ ಮೇಜಿನ ಮೇಲಿರ್ಬೇಕು," ಎಂದಿದ್ದರು ಡಾಕ್ಟರು. "ಇಲ್ಲಾಂದ್ರೆ ಇನ್ಮೇಲೆ ಎಲ್ಲಾ ಸೆಟ್ಟೂ ಹೊರಗಡೆ ಮಾಡಿಸ್ಕೋತೀನಿ."

ಅಂದರೆ ಹಲ್ಲಕ್ಕನ ಕೆಲಸಕ್ಕೇ ಸಂಚಕಾರ. ಕೊನೆಯ ಪಾಲಿಶ್ ಒಂದು ಬಾಕಿಯಿತ್ತು. ಸಂಜೆ ಮನೆಗೆ ತಂದು, ಡಬ್ಬಿಗಳ ಪಕ್ಕದಲ್ಲೇ ಕೂತು ಉಜ್ಜಿ, ಫಳಫಳ ಹೊಳೆಸಿ, 'ನನ್ನ ಕೆಲಸ'ದ ಡಬ್ಬಿಗೆ ಹಾಕಿ ಮುಚ್ಚಿ ನಿಶ್ಚಿಂತೆಯಿಂದ ಮಲಗಿದಳು. ಬೆಳಿಗ್ಗೆ ಮುಚ್ಚಳ ನೋಡಿದಳು, ಡಬ್ಬಿ ಎತ್ತಿಕೊಂಡಳು, ಹೊರಟಳು.

ಕ್ಲಿನಿಕ್ಕಿನಲ್ಲಿ ದೊಡ್ಡ ಮಿಸ್ ಕುರ್ಚಿಯಲ್ಲಿ ಕಾಯುತ್ತಿದ್ದರು. ಡಾಕ್ಟರು ಡಬ್ಬಿ ತೆರೆದರು. ಒಳಗೆ ನಟ್ಟು, ಬೋಲ್ಟು.

"ಏನ್ರೀ ಇದು? ಇವರ ಬಾಯಿಗೆ ಸ್ಪ್ಯಾನರ್ ಹಾಕಿ ತಿರುಗಿಸ್ಬೇಕಾ?"

ದೊಡ್ಡ ಮಿಸ್ ಬಗ್ಗಿ ನೋಡಿ, ಮುಚ್ಚಳವನ್ನೆತ್ತಿ ಹಲ್ಲಕ್ಕನ ಮೂಗಿನ ಮುಂದೆ ಹಿಡಿದರು. ಡಬ್ಬಿಯನ್ನು ಬೆರಳಿನಿಂದ ಟಕಟಕ ಕುಟ್ಟಿ ಏನೇನೋ ಹೇಳಿದರು. ಬಾಯಿಂದ ಬರೀ ಗಾಳಿ ಬಂತು. ಬೈಯುತ್ತಿದ್ದಾರೆಂದು ತಿಳಿದು ಹಲ್ಲಕ್ಕ ಹಳೆಯ ಅಭ್ಯಾಸದಂತೆ ಕೈಕಟ್ಟಿ ನಿಂತಳು.

ಆಮೇಲೆ ಹೊಳೆಯಿತು. ಬೋಲ್ಟು ಇಲ್ಲಿದೆ ಎಂದರೆ ಹಲ್ಲು ಗಂಡನ ಹತ್ತಿರ ಇರಬೇಕು. ಫೋನ್ ಮಾಡಿದಳು.

"ಲಿಫ್ಟ್ ಮೇಲೆ ನಿಂತಿದೀನಿ ಮಾರಾಯ್ತಿ," ಎಂದ ಗಂಡ. "ಡಬ್ಬೀಲಿ ಸೂಜಿ, ದಾರ, ಗುಂಡಿ ಇದೆ. ಏನು ಹೊಲೀಲಿ?"

"ಹಲ್ಲಿಲ್ವಾ?"

"ನಂಗಾ? ಇದೆಯಲ್ಲ."

"ನಿಮ್ಮದಲ್ಲ ರೀ! ಗುಂಡಿ ಇದ್ದದ್ದು ನೋಡಿ ಸುಮ್ನೆ ಯಾಕಿದ್ರಿ?"

"ಹೊಸ ಪದ್ಧತಿ ಇರ್ಬೇಕು ಅಂದ್ಕೊಂಡೆ."

ಹಾಗಾದರೆ ಹಲ್ಲು ಅತ್ತೆಯ ಡಬ್ಬಿಯಲ್ಲಿ. ಮನೆಗೆ ಫೋನ್ ಹೋಯಿತು.

"ನನ್ನ ಡಬ್ಬೀಲಿ ನಿಮ್ಮ ಮಾವನ ಮಾತ್ರೆ ಇದೆ ಕಣೇ," ಎಂದರು ಅತ್ತೆ. "ಅವರ ಡಬ್ಬೀಲಿ ಕಪ್ಪೆಚಿಪ್ಪು. ನೀರಿನ ಲೋಟ ಹಿಡ್ಕೊಂಡು, ಇದನ್ನ ಅಗೀಬೇಕಾ ನುಂಗ್ಬೇಕಾ ಅಂತ ಕೇಳ್ತಾ ಕೂತಿದಾರೆ."

"ಅಯ್ಯೋ, ನುಂಗೋದು ಬೇಡ ಅನ್ನಿ ಅತ್ತೆ. ಡಬ್ಬಿ ಮುಟ್ಟಿದ್ದು ಯಾರು?"

"ಮುಟ್ಟಿದ್ದು ನಾನೇ, ರಾತ್ರಿ ನೀನು ಮಲಗಿದ್ಮೇಲೆ. ನಿನ್ನ ಪಾಲಿಶಿನ ಪುಡಿ ಮುಚ್ಚಳದ ಮೇಲೆಲ್ಲ ಕೂತಿತ್ತು. ಮುಚ್ಚಳ ತೊಳೆದು, ದೊಡ್ಡೋರದ್ದು ಮೊದ್ಲು, ಚಿಕ್ಕೋರದ್ದು ಆಮೇಲೆ ಅಂತ ವರಸೆಯಾಗಿ ಮುಚ್ಚಿಟ್ಟೆ. ಎಷ್ಟು ಚೆಂದ ಕಾಣ್ತಿತ್ತು ಗೊತ್ತಾ."

ಹಲ್ಲಕ್ಕ ಬೆರಳು ಮಡಚಿ ಲೆಕ್ಕ ಹಾಕಿದಳು. ಬೋಲ್ಟು ಇಲ್ಲಿ, ಗುಂಡಿ ಲಿಫ್ಟಿನ ಮೇಲೆ, ಮಾತ್ರೆ ಅತ್ತೆಗೆ, ಚಿಪ್ಪು ಮಾವನಿಗೆ. ಉಳಿದದ್ದು ಮಗಳು. ಮಗಳು ಇವತ್ತು ತರಗತಿಯಲ್ಲಿ ತನ್ನ ಚಿಪ್ಪುಗಳನ್ನು ತೋರಿಸಿ ಮಾತಾಡಬೇಕಿತ್ತು.

ಬಾಡಿಗೆ ಕಾರು ಹಿಡಿದು, ದೊಡ್ಡ ಮಿಸ್ಸನ್ನು ಜೊತೆಗೆ ಕೂರಿಸಿಕೊಂಡು ಶಾಲೆಗೆ ಧಾವಿಸಿದಳು. ದಾರಿಯುದ್ದಕ್ಕೂ ದೊಡ್ಡ ಮಿಸ್ ಖಾಲಿ ಮುಚ್ಚಳ ಹಿಡಿದು ಅದೇ ಗಾಳಿಮಾತು ಆಡುತ್ತಿದ್ದರು. ಹಲ್ಲಕ್ಕ ಎಲ್ಲದಕ್ಕೂ "ತಪ್ಪಾಯ್ತು ಮಿಸ್" ಎಂದಳು. ಅವರು ಹಣೆ ಚಚ್ಚಿಕೊಂಡರು. ಹಲ್ಲಕ್ಕನಿಗೆ ನಿಜಕ್ಕೂ ಅಳು ಬಂತು.

ತರಗತಿಯಲ್ಲಿ ಮಗಳು ಎಲ್ಲರ ಮುಂದೆ ನಿಂತಿದ್ದಳು. ಒಂದು ಕೈಯಲ್ಲಿ ಮೇಲಿನ ದವಡೆ, ಇನ್ನೊಂದರಲ್ಲಿ ಕೆಳಗಿನದು. "ಇದು ಸಮುದ್ರದಲ್ಲಿ ಸಿಗಲ್ಲ. ಇದನ್ನ ನಮ್ಮಮ್ಮ ಮಾಡ್ತಾಳೆ," ಎಂದು ಟಕಟಕ ಕಚ್ಚಿಸಿ ತೋರಿಸಿದಳು. ಮಕ್ಕಳು ಚಪ್ಪಾಳೆ ತಟ್ಟಿದರು.

"ಡಬ್ಬೀಲಿ ಚಿಪ್ಪಿಲ್ಲ ಅಂತ ಗೊತ್ತಾದಾಗ ಟೀಚರಿಗೆ ಹೇಳ್ಬಾರ್ದೇನೇ?"

"ಹೊಸ ಪದ್ಧತಿ ಇರ್ಬೇಕು ಅಂದ್ಕೊಂಡೆ ಅಮ್ಮಾ."

ನಲ್ಲಿಯ ಕೆಳಗೆ ಸೆಟ್ಟನ್ನು ಚೆನ್ನಾಗಿ ತಿಕ್ಕಿ ತೊಳೆದು ಕೊಟ್ಟಳು. ದೊಡ್ಡ ಮಿಸ್ ಗಬಕ್ಕನೆ ಬಾಯಿಗೆ ಹಾಕಿಕೊಂಡರು. ಈಗ ಬೈಗುಳ ಖಂಡಿತ ಎಂದು ಹಲ್ಲಕ್ಕ ಕಣ್ಣು ಮುಚ್ಚಿ ನಿಂತಳು. ತೆರೆಯುವಷ್ಟರಲ್ಲಿ ಅವರು ಅದೇ ಕಾರು ಹತ್ತಿ ರೇಡಿಯೋ ಕೇಂದ್ರಕ್ಕೆ ಹೊರಟುಹೋಗಿದ್ದರು.

ಕ್ಲಿನಿಕ್ಕಿನಲ್ಲಿ ಡಾಕ್ಟರು ರೇಡಿಯೋ ಹಚ್ಚಿದ್ದರು. ಹಲ್ಲಕ್ಕ ಜೀವ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಳು.

"ಬರ್ಕೊಂಡು ಬಂದಿದ್ದನ್ನ ಪಕ್ಕಕ್ಕಿಡ್ತೀನಿ," ಎಂದಿತು ದೊಡ್ಡ ಮಿಸ್ಸಿನ ಧ್ವನಿ. "ಇವತ್ತು ಬೆಳಿಗ್ಗೆ ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳು ಸಿಕ್ಕಿದ್ಲು. ಒಂದೇ ಥರದ ಡಬ್ಬಿಗಳು, ಒಂದೇ ಥರದ ಮುಚ್ಚಳಗಳು. ಆ ಜಾಣೆ ಹೆಸರು ಬರೆದಿದ್ದು ಮುಚ್ಚಳದ ಮೇಲೆ. ಡಬ್ಬಿ ಮೇಲೆ ಬರಿಯಮ್ಮಾ, ಡಬ್ಬಿ ಮೇಲೆ ಅಂತ ಬೆಳಗಿಂದ ಬಡ್ಕೊಂಡೆ. ಬಾಯಲ್ಲಿ ಹಲ್ಲಿರ್ಲಿಲ್ಲ, ಅವಳಿಗೆ ಅರ್ಥ ಆಗ್ಲಿಲ್ಲ."

ಹಲ್ಲಕ್ಕ ನಾಚಿಕೆಯಿಂದ ಕುಗ್ಗಿಹೋದಳು. ಡಾಕ್ಟರು ಕಣ್ಣು ಮುಚ್ಚಿ ತಲೆದೂಗುತ್ತಿದ್ದರು. "ಒಂದಕ್ಷರ ಜಾರ್ತಿಲ್ಲ ನೋಡಿ. ಸೆಟ್ಟು ಏನು ಕೂತಿದೆ! ಮುಂದಿನದ್ದೂ ನೀವೇ ಮಾಡಿ. ಆದ್ರೆ ಇಲ್ಲೇ ಕೂತು ಮಾಡಿ, ಮನೆಗೆ ತಗೊಂಡು ಹೋಗ್ಬೇಡಿ."

ಕೆಲಸ ಉಳಿಯಿತು. ಹಲ್ಲಕ್ಕ ಉಸಿರು ಬಿಡುವಷ್ಟರಲ್ಲಿ ಅತ್ತೆಯ ಫೋನ್ ಬಂತು.

"ರೇಡಿಯೋ ಕೇಳ್ದೆ ಕಣೇ. ಆಯಮ್ಮ ಹೇಳಿದ್ದು ಸರಿಯಾಗೇ ಇದೆ. ಮನೇಲಿರೋ ಎರಡು ಡಬ್ಬಿ ಮೇಲೂ ಹೆಸರು ಬರೆದುಬಿಟ್ಟೆ. ಅಳಿಸಿ ಹೋಗ್ಬಾರ್ದು ಅಂತ ಪೇಂಟಲ್ಲೇ ಬರೆದೆ."

ಹಲ್ಲಕ್ಕನಿಗೆ ಎದೆ ತುಂಬಿ ಬಂತು. "ಒಳ್ಳೇದಾಯ್ತು ಅತ್ತೆ. ಒಳಗೆ ಏನಿದೆ ಅಂತ ನೋಡಿ ತಾನೆ ಬರೆದಿದ್ದು?"

"ಒಳಗೆ ಯಾಕೆ ನೋಡ್ಬೇಕು? ನೀನೇ ಹೇಳಿದೀಯಲ್ಲ, ತೆಗೆದು ನೋಡೋ ಹಾಗಿಲ್ಲ ಅಂತ. ಮುಚ್ಚಳ ನೋಡ್ಕೊಂಡು ಬರೆದೆ."